ವಿಜಯನಗರ 4ನೇ ಹಂತದ 30×40 ಮನೆ: ಸಾಲವಿಲ್ಲದೆ ಕೊಳ್ಳುವವರು ಎಷ್ಟಕ್ಕೆ ಕೇಳಬಹುದು?

ಮನೆಹುಡುಕಾಟ_ಮೈಸೂರು:
ಎಲ್ಲರಿಗೂ ನಮಸ್ಕಾರ. ಮೈಸೂರಿನ ವಿಜಯನಗರ 4ನೇ ಹಂತದಲ್ಲಿ ಒಂದು ಮನೆ ನೋಡಿದ್ದೇವೆ. ಮುಡಾ (ನಗರಾಭಿವೃದ್ಧಿ ಪ್ರಾಧಿಕಾರ) ಹಂಚಿದ 30×40 ನಿವೇಶನ, ಕೆಳಗೆ ಮೇಲೆ ಸೇರಿ 1,400 ಚದರಡಿ, ಕಟ್ಟಿ 22 ವರ್ಷ. 95 ಲಕ್ಷ ಹೇಳುತ್ತಿದ್ದಾರೆ. ಎಂಟು ತಿಂಗಳಿಂದ ಖಾಲಿ ಇದೆ, ಗೇಟಿನ ಬೋರ್ಡಿನ ಬಣ್ಣವೂ ಮಾಸಿದೆ. ನಮಗೆ ಬ್ಯಾಂಕ್ ಸಾಲ ಬೇಡ, ಖಾತೆಯಲ್ಲಿ 85 ಲಕ್ಷ ಇದೆ. ರಿಜಿಸ್ಟ್ರೇಷನ್, ಬ್ರೋಕರ್ ಎಲ್ಲವೂ ಅದರೊಳಗೇ ಮುಗಿಯಬೇಕು. ಮನೆ ತಂದೆಯ ಹೆಸರಲ್ಲಿತ್ತು, ಅವರು ತೀರಿಕೊಂಡಿದ್ದಾರೆ. ಈಗ ಇರುವವರು ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಹಿರಿಯ ಮಗ ಅಮೆರಿಕದಲ್ಲಿದ್ದಾರೆ. 20 ಲಕ್ಷ ಕೈಯಲ್ಲಿ ಕೊಟ್ಟರೆ ರೇಟು ಇಳಿಸುತ್ತಾರೆ ಅಂತ ಬ್ರೋಕರ್ ಹೇಳುತ್ತಿದ್ದಾರೆ. ಎಷ್ಟಕ್ಕೆ ಕೇಳುವುದು, ಏನೇನು ನೋಡಿಕೊಳ್ಳಬೇಕು?

ಲೆಕ್ಕದಪುಸ್ತಕ:
ಸಾರ್, ಮೊದಲು ನಿಮ್ಮ ಮಿತಿ ತಿಳಿದುಕೊಳ್ಳಿ. ನಗರ ಪ್ರದೇಶದಲ್ಲಿ ಈಗ ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ಸು ಮತ್ತು ಸರ್ಚಾರ್ಜ್ ಸೇರಿ 0.6%, ನೋಂದಣಿ ಶುಲ್ಕ 2% (2025ರ ಆಗಸ್ಟ್ 30ರವರೆಗೆ ಇದು 1% ಇತ್ತು, ಹಳೆಯ ಲೆಕ್ಕ ನಂಬಬೇಡಿ). ಒಟ್ಟು 7.6%. ಮನೆ 77 ಲಕ್ಷಕ್ಕೆ ಕುದುರಿದರೆ ಇದೇ 5,85,200 ರೂಪಾಯಿ. ಬ್ರೋಕರ್‌ಗೆ 1% ಅಂದರೂ 77,000. ವಕೀಲರಿಗೆ ಮತ್ತು ಸಣ್ಣಪುಟ್ಟ ರಿಪೇರಿಗೆ ಉಳಿಯುವುದು 1.38 ಲಕ್ಷದಷ್ಟು. ಹಾಗಾಗಿ ನಿಮ್ಮ ಕೊನೆಯ ಮಾತು 77, ಅದಕ್ಕಿಂತ ಮೇಲೆ ಹೋಗಬೇಡಿ. 85 ಇದೆ ಅನ್ನುವ ವಿಷಯ ಬ್ರೋಕರ್ ಕಿವಿಗೆ ಬೀಳಲೇಬಾರದು.

ಮನೆಯ ಬೆಲೆ ಕಟ್ಟುವುದು ಹೀಗೆ. ಆ ಬೀದಿಯಲ್ಲಿ ನೆಲ ಚದರಡಿಗೆ 5,000 ಎಂದು ಇಟ್ಟುಕೊಂಡರೆ 1,200 ಚದರಡಿಗೆ 60 ಲಕ್ಷ. ಕಟ್ಟಡವನ್ನು ಇವತ್ತು ಹೊಸದಾಗಿ ಕಟ್ಟಲು ಚದರಡಿಗೆ 2,000 ಅಂದರೆ 28 ಲಕ್ಷ. ಆಯಸ್ಸು 60 ವರ್ಷ ಅಂತ ಹಿಡಿದು 22 ವರ್ಷದ ಸವಕಳಿ ಕಳೆದರೆ 17.7 ಲಕ್ಷ ಉಳಿಯುತ್ತದೆ. ಒಟ್ಟು 77.7. ನೆಲದ ದರ ನಾನು ಉದಾಹರಣೆಗೆ ಹಾಕಿದ್ದು, ನೀವು ಅಕ್ಕಪಕ್ಕದ ನಾಲ್ಕೈದು ಆಸ್ತಿಗಳ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡಿ. ಯಾವ ವರ್ಷ ಎಷ್ಟಕ್ಕೆ ಕ್ರಯವಾಗಿದೆ ಅನ್ನುವುದು ಅದರಲ್ಲಿ ಬರುತ್ತದೆ. ಬರೆಸಿದ ಮೊತ್ತ ನಿಜವಾದದ್ದಕ್ಕಿಂತ ಕಡಿಮೆ ಇರುವುದುಂಟು, ಆದರೂ ಬಾಯಿಮಾತಿನ ರೇಟಿಗಿಂತ ವಾಸಿ.

70ರಿಂದ ಶುರುಮಾಡಿ. ಆದರೆ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರ ನೋಡಿಕೊಂಡೇ ಮಾತಾಡಿ. ಶುಲ್ಕ ಕಟ್ಟುವುದು ಮಾರ್ಗಸೂಚಿ ಬೆಲೆ ಮತ್ತು ಕ್ರಯದ ಬೆಲೆ ಎರಡರಲ್ಲಿ ಹೆಚ್ಚಿನದಕ್ಕೆ. ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಮಾರ್ಗಸೂಚಿ ಬೆಲೆ 80 ಲಕ್ಷ ಇದ್ದು ನೀವು 70ಕ್ಕೆ ಕೊಂಡರೆ ವ್ಯತ್ಯಾಸ 10% ದಾಟಿತು. ಆಗ ಆ 10 ಲಕ್ಷ ಪೂರ್ತಿ ನಿಮ್ಮ ಆದಾಯ ಎಂದು ತೆರಿಗೆ ಬೀಳುತ್ತದೆ. ಗೆದ್ದ ಚೌಕಾಸಿ ಅಲ್ಲಿ ಸೋರಿಹೋಗುತ್ತದೆ.

ದಸ್ತಾವೇಜು_ಕೆಲಸ:
20 ಲಕ್ಷ ಕೈಯಲ್ಲಿ ಕೊಡುವ ಮಾತನ್ನು ಇಲ್ಲಿಗೇ ಬಿಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ. ನಿಮಗೇನು ನಷ್ಟ ಅಂದರೆ, ಮುಂದೆ ನೀವು ಮಾರುವಾಗ ಕ್ರಯಪತ್ರದಲ್ಲಿ ಇರುವಷ್ಟೇ ನಿಮ್ಮ ಅಸಲು, ಆ 20 ಲಕ್ಷವೂ ಲಾಭ ಎಂದೇ ಲೆಕ್ಕ. ವ್ಯವಹಾರ ಮುರಿದರೆ ವಾಪಸು ಕೇಳಲು ಕಾಗದ ಇಲ್ಲ. ಬೆಂಗಳೂರಿನ ಒಂದು ಆಸ್ತಿಯ ದಾವೆಯಲ್ಲಿ 75 ಲಕ್ಷ ನಗದು ಮುಂಗಡ ಕೊಟ್ಟಿದ್ದೇವೆ ಎಂದು ಹೇಳಿಕೊಂಡಿದ್ದರು. 2025ರ ಏಪ್ರಿಲ್‌ನಲ್ಲಿ ಅದರ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ದಾವೆಗಳಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ನಗದಿನ ಮಾತು ಬಂದರೆ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಎಂದು ಕೆಳ ನ್ಯಾಯಾಲಯಗಳಿಗೆ ಹೇಳಿದೆ.

ಸಾಲ ಮಾಡಿ ಕೊಳ್ಳುವವರಿಗೆ ಬ್ಯಾಂಕಿನ ವಕೀಲರು ಕಾಗದ ನೋಡುತ್ತಾರೆ, ಬ್ಯಾಂಕಿನ ಎಂಜಿನಿಯರ್ ಬಂದು ಮನೆ ಅಳೆಯುತ್ತಾರೆ. ನಿಮಗೆ ಆ ಜರಡಿ ಇಲ್ಲ. ಅದನ್ನು ನೀವೇ ದುಡ್ಡು ಕೊಟ್ಟು ಹಿಡಿಸಬೇಕು, ಮಾರುವವರು ಅಥವಾ ಬ್ರೋಕರ್ ತೋರಿಸಿದ ವಕೀಲರ ಕೈಯಲ್ಲಿ ಅಲ್ಲ.

ಕೇಳಬೇಕಾದ್ದು: ಹಂಚಿಕೆ ಪತ್ರ, ಸ್ವಾಧೀನ ಪತ್ರ, ಪ್ರಾಧಿಕಾರ ಮಾಡಿಕೊಟ್ಟ ಶುದ್ಧ ಕ್ರಯಪತ್ರ, ಮಂಜೂರಾದ ನಕ್ಷೆ, ಮರಣ ಪ್ರಮಾಣಪತ್ರ, ವಂಶವೃಕ್ಷ, ಕಂದಾಯ ರಸೀದಿ. ನಾಲ್ವರ ಹೆಸರಿಗೂ ಖಾತೆ ಬದಲಾಗಿ ಇ-ಖಾತೆ (ಡಿಜಿಟಲ್ ಖಾತೆ) ಬಂದಿರಬೇಕು, ಅದಿಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ಇಸಿ 30 ವರ್ಷದ್ದು ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆನ್‌ಲೈನ್ ಸಿಗುವುದು 2004ರ ಏಪ್ರಿಲ್‌ನಿಂದ ಈಚೆಗೆ ಮಾತ್ರ, ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಹಾಕಬೇಕು. ಹಕ್ಕುಪತ್ರ ಒತ್ತೆಯಿಟ್ಟು ಪಡೆದ ಸಾಲ ಇಸಿಯಲ್ಲಿ ಕಾಣದೇ ಇರಬಹುದು, ಅದಕ್ಕೆ ಬ್ಯಾಂಕುಗಳ ಅಡಮಾನ ದಾಖಲಾಗುವ ಕೇಂದ್ರ ನೋಂದಣಿ ಸರ್ಸಾಯ್‌ನಲ್ಲೂ (CERSAI) ಹುಡುಕಿಸಿ. ಮೂಲಪತ್ರಗಳನ್ನು ಕೈಯಲ್ಲಿ ಹಿಡಿದು ಪುಟ ತಿರುವಿ, ಹಿಂಬದಿಯ ಷರಾ, ಸೀಲು ನೋಡಿ. ಈಗಿನ ಕಲರ್ ಜೆರಾಕ್ಸ್ ದೂರದಿಂದ ಮೂಲಪ್ರತಿಯ ಹಾಗೇ ಕಾಣುತ್ತದೆ.

ತಂದೆಯ ಸ್ವಯಾರ್ಜಿತ ಆಸ್ತಿ, ಉಯಿಲು ಇಲ್ಲ ಅಂದರೆ ತಾಯಿಗೂ ಮಕ್ಕಳಿಗೂ ಸಮಪಾಲು. ಮಗಳು "ನನಗೇನೂ ಬೇಡ" ಅಂದಿದ್ದಾಳೆ ಅನ್ನುವ ಮಾತು ಸಾಲದು. ಅವರ ಸಹಿ ಬೇಕೇ ಬೇಕು, ಇಲ್ಲವೇ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಬೇಕು. ತೀರಿಕೊಂಡವರ ತಾಯಿ ಬದುಕಿದ್ದರೆ ಅವರಿಗೂ ಪಾಲಿದೆ, ಇದನ್ನು ಬಹಳ ಕಡೆ ಬಿಟ್ಟುಬಿಡುತ್ತಾರೆ.

ತಾಪಿ_ಮಟ್ಟಗೋಲು:
ಕಾಗದದ ಮಾತು ಆಯಿತು, ಗೋಡೆಯ ಮಾತು ಹೇಳುತ್ತೇನೆ. ಟೇಪು ತೆಗೆದುಕೊಂಡು ಹೋಗಿ. 30×40 ನಿವೇಶನದ ಮೂಲೆಯಿಂದ ಮೂಲೆಗೆ ಸರಿಯಾಗಿ 50 ಅಡಿ ಬರಬೇಕು, ಎರಡು ಕಡೆಯೂ. ಮನೆ ಅಡ್ಡ ಇರುವುದರಿಂದ ಎಳೆಯಲಾಗದಿದ್ದರೆ ತಾರಸಿಯಿಂದ ಕಾಂಪೌಂಡ್ ಮೂಲೆಗಳನ್ನು ನೋಡಿ, ನಾಲ್ಕೂ ಬದಿ ಅಳೆಯಿರಿ. ಅರ್ಧ ಅಡಿ ಕಡಿಮೆ ಬಂದರೆ ಪಕ್ಕದವರ ಗೋಡೆ ಒಳಗೆ ಬಂದಿದೆ. ನಕ್ಷೆಯಲ್ಲಿ ಬಿಟ್ಟ ಜಾಗದಲ್ಲಿ ಮೆಟ್ಟಿಲೋ ಕೋಣೆಯೋ ಎದ್ದಿದೆಯಾ ನೋಡಿ. ಎಂಟು ತಿಂಗಳು ಮನೆ ಹೋಗದಿರಲು ಹೆಚ್ಚಾಗಿ ಇದೇ ಕಾರಣ, ಸಾಲ ಮಾಡಿ ಕೊಳ್ಳುವವರು ಬಂದಿರುತ್ತಾರೆ, ಬ್ಯಾಂಕು ಬೇಡ ಅಂದಿರುತ್ತದೆ.

22 ವರ್ಷದ ಮನೆಯಲ್ಲಿ ಮೊದಲು ಕೆಡುವುದು ಸಜ್ಜಾ. ಕಿಟಕಿಯ ಮೇಲಿನ ಸಜ್ಜಾದ ತಳಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟಿ. ಟಣ್ ಅಂದರೆ ಗಟ್ಟಿ. ಡಬ್ ಅಂದರೆ ಒಳಗೆ ಕಂಬಿ ತುಕ್ಕು ಹಿಡಿದು ಉಬ್ಬಿ, ಪ್ಲಾಸ್ಟರನ್ನು ತಳ್ಳಿದೆ. ಕಂದು ಗೆರೆ ಕಂಡರೆ ಖಾತ್ರಿ. ಇದೇ ಸದ್ದು ಬಚ್ಚಲಿನ ಕೆಳಗಿನ ಸ್ಲ್ಯಾಬಿನಲ್ಲಿ ಬಂದರೆ ಖರ್ಚು ದೊಡ್ಡದು. ನೆಲದಿಂದ ಮೂರಡಿವರೆಗೆ ಮಾತ್ರ ಹೊಸ ಬಣ್ಣ ಅಥವಾ ಹೊಸ ಟೈಲ್ಸ್ ಇದ್ದರೆ ಒಳಗೆ ತೇವ ಮುಚ್ಚಿದ್ದಾರೆ ಅಂತಲೇ ತಿಳಿಯಿರಿ. ಬೀರು, ಮಂಚ ಸರಿಸಿ ಹಿಂದಿನ ಗೋಡೆ ನೋಡಿ, ಬಿಳಿ ಉಪ್ಪು ಎದ್ದಿರುತ್ತದೆ.

ಮಹಡಿಯ ನಲ್ಲಿ ತಿರುಗಿಸಿದಾಗ ಮೊದಲ ನೀರು ಕೆಂಪಗೆ ಬಂದು ಆಮೇಲೆ ಸಣ್ಣ ಧಾರೆ ಆದರೆ ಗೋಡೆಯೊಳಗಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಕಟ್ಟಿದೆ. ಎಲ್ಲ ನಲ್ಲಿ ಮುಚ್ಚಿದ ಮೇಲೂ ನೀರಿನ ಮೀಟರು ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ಯುಜಿಡಿ (ಒಳಚರಂಡಿ) ಛೇಂಬರಿನ ಮುಚ್ಚಳ ತೆಗೆಸಿ ಮೇಲೆ ಫ್ಲಶ್ ಮಾಡಿಸಿ, ನೀರು ನಿಲ್ಲದೆ ಹೋಗಬೇಕು. ಒಂದು ಸಲ ಜೋರು ಮಳೆಯಾದ ಮರುದಿನ ಹೋಗಿ ಬನ್ನಿ. ಕಂಡ ದೋಷಕ್ಕೆ ಮೇಸ್ತ್ರಿಯಿಂದ ಅಂದಾಜು ಬರೆಸಿಕೊಂಡು ಚೌಕಾಸಿಯ ಮೇಜಿಗೆ ಇಡಿ, "ಜಾಸ್ತಿ ಆಯ್ತು" ಅನ್ನುವುದಕ್ಕಿಂತ ಅದಕ್ಕೆ ತೂಕ ಹೆಚ್ಚು.

ಮನೆಹುಡುಕಾಟ_ಮೈಸೂರು:
ತುಂಬಾ ಉಪಕಾರವಾಯಿತು. ಅಮೆರಿಕದವರು ತಮ್ಮನಿಗೆ ಜಿಪಿಎ (ತಮ್ಮ ಪರವಾಗಿ ಸಹಿ ಹಾಕುವ ಅಧಿಕಾರಪತ್ರ) ಕಳಿಸುತ್ತಾರಂತೆ. ಮಾರುವವರ ಹಣದಲ್ಲಿ ನಾವು ಹಿಡಿದು ಕಟ್ಟುವ ತೆರಿಗೆ (ಟಿಡಿಎಸ್) ಎಲ್ಲರಿಗೂ 1% ತಾನೇ?

ದಸ್ತಾವೇಜು_ಕೆಲಸ:
ಅಲ್ಲ ಸಾರ್, ಎಡವುವುದೇ ಇಲ್ಲಿ. ಒಟ್ಟು ಬೆಲೆ 50 ಲಕ್ಷ ದಾಟಿದ್ದರಿಂದ ಇಲ್ಲಿರುವ ಮೂವರಿಗೆ 1%. 77 ಲಕ್ಷದಲ್ಲಿ ತಲಾ ಪಾಲು 19.25 ಲಕ್ಷವೇ ಆದರೂ ತಪ್ಪಿಸುವಂತಿಲ್ಲ, 2024ರ ಅಕ್ಟೋಬರ್‌ನಿಂದ ಎಲ್ಲರ ಪಾಲು ಕೂಡಿಸಿಯೇ ಲೆಕ್ಕ. ತಲಾ 19,250 ರೂಪಾಯಿ. ಅನಿವಾಸಿ ಮಗನ ಪಾಲಿಗೆ ನಿಯಮವೇ ಬೇರೆ: 12.5% ಮತ್ತು ಅದರ ಮೇಲೆ 4% ಸೆಸ್ಸು, ಅಂದರೆ 13%. ಅವರ 19.25 ಲಕ್ಷಕ್ಕೆ 2,50,250. ಲಾಭ ಕಡಿಮೆ ಇದ್ದರೆ ಅವರು ಮೊದಲೇ ಇಲಾಖೆಯಿಂದ ಕಡಿತ ಇಳಿಸುವ ಪ್ರಮಾಣಪತ್ರ ತರಲಿ. ಅದಿಲ್ಲದೆ ನೀವು 1% ಹಿಡಿದರೆ ಉಳಿದದ್ದನ್ನು ಬಡ್ಡಿ ಸಮೇತ ಇಲಾಖೆ ನಿಮ್ಮಿಂದ ಕೇಳುತ್ತದೆ. ಅವರ ಹಣ ಅವರ ಎನ್‌ಆರ್‌ಒ ಖಾತೆಗೇ (ಅನಿವಾಸಿಗಳ ರೂಪಾಯಿ ಖಾತೆ) ಹೋಗಬೇಕು, ತಮ್ಮನ ಖಾತೆಗೆ ಬೇಡ.

ಜಿಪಿಎ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಅಥವಾ ನೋಟರಿ ಮುಂದೆ ಆಗಿರಬೇಕು. ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಹತ್ತಿರ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಈ ಮನೆಯ ನಂಬರು, ಚೆಕ್ಕುಬಂದಿ, ಮಾರುವ ಅಧಿಕಾರ ಅದರಲ್ಲಿ ಸ್ಪಷ್ಟವಾಗಿ ಇರಲಿ. ಕ್ರಯದ ದಿನ ಆ ಮಗನ ಜೊತೆ ವೀಡಿಯೊ ಕರೆ ಮಾಡಿ, ಅವರು ಬದುಕಿದ್ದಾರೆ, ಅಧಿಕಾರ ಹಿಂಪಡೆದಿಲ್ಲ ಅನ್ನುವುದನ್ನು ಖಚಿತ ಮಾಡಿಕೊಳ್ಳಿ. ಅವರು ಸದ್ಯದಲ್ಲೇ ಊರಿಗೆ ಬರುವುದಿದ್ದರೆ ಆ ದಿನಾಂಕಕ್ಕೇ ನೋಂದಣಿ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು.

ಲೆಕ್ಕದಪುಸ್ತಕ:
ಅದೇ ದಿನಾಂಕವನ್ನು ಚೌಕಾಸಿಗೂ ಬಳಸಿ. "ಮಗ ಬಂದಿರುವಾಗಲೇ ಪೂರ್ತಿ ಹಣ, ಬ್ಯಾಂಕ್ ಮಂಜೂರಾತಿಗೆ ಕಾಯುವುದಿಲ್ಲ" ಅನ್ನುವ ಮಾತಿಗೆ ನಾಲ್ಕೈದು ಲಕ್ಷ ಬಿಡುವ ಮನೆಯವರಿದ್ದಾರೆ. ಮುಂಗಡ 2 ಲಕ್ಷಕ್ಕಿಂತ ಹೆಚ್ಚು ಬೇಡ, ಅದೂ ಬ್ಯಾಂಕ್ ಮೂಲಕ, ನಾಲ್ವರೂ ಸಹಿ ಹಾಕಿದ 45 ದಿನದ ಕರಾರಿನ ಮೇಲೆ. ಈ ಮನೆಯ ಮೇಲೆ ತಕರಾರಿದ್ದರೆ ತಿಳಿಸಿ ಎಂದು ನಿಮ್ಮ ವಕೀಲರು ಪತ್ರಿಕೆಯಲ್ಲಿ ಹಾಕಿಸುವ ಪ್ರಕಟಣೆಗೆ ಆಕ್ಷೇಪಣೆ ಬಂದರೆ ಅಥವಾ ಇ-ಖಾತೆ ಸಿಗದಿದ್ದರೆ ಮುಂಗಡ ಪೂರ್ತಿ ವಾಪಸು ಎಂದು ಅದರಲ್ಲೇ ಬರೆಸಿ. ಉಳಿದ ಹಣಕ್ಕೆ ನಾಲ್ಕು ಡಿಡಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆರಳು ಒತ್ತಿದ ಮೇಲೆ ಕೈಗೆ ಕೊಡಿ. ಬೀಗದ ಕೈ ಮತ್ತು ಮೂಲಪತ್ರ ಅದೇ ಹೊತ್ತಿಗೆ ನಿಮ್ಮ ಕೈಗೆ ಬರಲಿ.