ಸೊನ್ನೆಯಿಂದ ನೂರೆಂಬತ್ತು

"ಒಂದೂವರೆ ಸೆಕೆಂಡು ಕಿಟ್ಟಣ್ಣ! ಕರೆಕ್ಟಾಗಿ ಹೇಳುವುದಾದರೆ 1.56. ಅಷ್ಟರಲ್ಲಿ ಸೊನ್ನೆಯಿಂದ ನೂರೆಂಬತ್ತು!"

ಕಿಟ್ಟಣ್ಣ ತಲೆ ಎತ್ತಲಿಲ್ಲ. ಭಟ್ರ ತೋಟದ ಐದು ಎಚ್‌ಪಿ ಪಂಪಿನ ಹೊಟ್ಟೆಯಿಂದ ಸುಟ್ಟು ಕರಿಯಾದ ತಂತಿಯನ್ನು ಎಳೆದೆಳೆದು ಹಾಕುತ್ತಿದ್ದ. "ಭಟ್ರ ಮೋಟಾರು ಇನ್ನೂ ಜೋರು. ಮೂರು ಫೇಸಿನಲ್ಲಿ ಒಂದು ಹೋದದ್ದು ನೋಡದೆ ಸ್ವಿಚ್ಚು ಹಾಕಿ ಊಟಕ್ಕೆ ಕೂತರು. ಸಾರು ಮುಗಿದು ಮಜ್ಜಿಗೆ ಬರುವುದರೊಳಗೆ ವೈಂಡಿಂಗು ಭಸ್ಮ."

"ಅದು ಯಾವ ಗಾಡಿಯ ಲೆಕ್ಕ ರಘು?" ಮಾಷ್ಟ್ರು ಪೇಪರು ಮಡಚಿದರು.

"ಡೊ-ಡೊಡೊಂಪ ಅಂತ, ಜಪಾನಿನ ಫ್ಯೂಜಿ-ಕ್ಯೂ ಪಾರ್ಕಿನ ರೋಲರ್ ಕೋಸ್ಟರ್. ಗಾಳಿಯನ್ನು ಒತ್ತಿ ಇಟ್ಟು ಒಮ್ಮೆಲೇ ಬಿಡುವುದು. ಲಾಂಚ್ ಅಂದರೆ ಅದು!"

"ಹೆಸರು ಚೆಂಡೆಯ ಪೆಟ್ಟಿನ ಹಾಗೆ ಉಂಟು," ಎಂದರು ಭಟ್ರು.

ಮಾಷ್ಟ್ರು ಪೇಪರಿನ ಅಂಚಿನಲ್ಲಿ ಲೆಕ್ಕ ಶುರು ಮಾಡಿಯಾಗಿತ್ತು. "ಗಂಟೆಗೆ 180 ಅಂದರೆ ಸೆಕೆಂಡಿಗೆ 50 ಮೀಟರು. ಭಾಗಿಸು 1.56ರಿಂದ. ಬಂತು 32. ಭೂಮಿ ನಮ್ಮನ್ನು ಎಳೆಯುವುದು 9.8. ಅಂದರೆ ಹತ್ತಿರ ಹತ್ತಿರ ಮೂರೂಕಾಲು ಪಟ್ಟು. 70 ಕೆಜಿಯ ಮನುಷ್ಯನ ಎದೆಗೆ ಮೂರು ಮೂಟೆ ಅಡಿಕೆ ಒರಗಿಸಿದ ಹಾಗೆ ಆಯಿತು."

"ಈಗಿನ ದರದಲ್ಲಿ ಮೂರು ಮೂಟೆ ಒರಗಿಸಿದರೆ ನೋವಾಗಲಿಕ್ಕಿಲ್ಲ," ಎಂದರು ಭಟ್ರು.

"ಈಗ ಓಡುತ್ತದಾ ಅದು?" ಕಿಟ್ಟಣ್ಣ ಕೇಳಿದ.

ರಘುವಿನ ಸ್ವರ ಸ್ವಲ್ಪ ಇಳಿಯಿತು. "ಇಲ್ಲ. ಕೂತವರಲ್ಲಿ ಕೆಲವರ ಎಲುಬು ಮುರಿಯಿತು ಅಂತ 2021ರಲ್ಲಿ ನಿಲ್ಲಿಸಿದರು. 2024ರಲ್ಲಿ ಖಾಯಂ ಮುಚ್ಚಿದರು."

"ಸೊನ್ನೆಯಿಂದ ನೂರೆಂಬತ್ತು, ನೂರೆಂಬತ್ತರಿಂದ ಸೊನ್ನೆ. ಲೆಕ್ಕ ಚುಕ್ತಾ."

ಅಲ್ಲಿಗೆ ಬಿಡುವ ಜನ ಅಲ್ಲ ರಘು. "ಗಾಳಿ ಬಿಡಿ. ಹೈಡ್ರಾಲಿಕ್ ನೋಡಿ. ಅಮೆರಿಕದ ನ್ಯೂಜೆರ್ಸಿಯಲ್ಲಿ ಕಿಂಗ್ಡ ಕಾ, 2005ರದ್ದು. ಪಂಪುಗಳು ಎಣ್ಣೆ ನೂಕಿ ನೂಕಿ ಸಿಲಿಂಡರಿನೊಳಗೆ ನೈಟ್ರೋಜನನ್ನು ಒತ್ತಿ ಇಡುತ್ತವೆ. ವಾಲ್ವು ತೆರೆದ ಕೂಡಲೇ ನೈಟ್ರೋಜನ್ ಎಣ್ಣೆಯನ್ನು ವಾಪಸ್ ದಬ್ಬುತ್ತದೆ. ಎಣ್ಣೆ ಮೋಟಾರು ತಿರುಗಿಸುತ್ತದೆ, ಮೋಟಾರು ದೊಡ್ಡ ಡ್ರಮ್ಮಿಗೆ ಉಕ್ಕಿನ ಹಗ್ಗ ಸುತ್ತುತ್ತದೆ, ಹಗ್ಗಕ್ಕೆ ಕಟ್ಟಿದ ಎಳೆಗಾಡಿ ರೈಲನ್ನು ಕಚ್ಚಿ ಎಳೆಯುತ್ತದೆ. ಮೂರೂವರೆ ಸೆಕೆಂಡಿನಲ್ಲಿ 206!"

"ಬಾವಿಯ ರಾಟೆಯೇ ಅಲ್ಲವಾ ಇದು?"

"206ರ ರಾಟೆ ಭಟ್ರೇ."

"ಕೊಡದಲ್ಲಿ ನೀರು ಉಳಿಯುತ್ತದಾ?"

ಮಾಷ್ಟ್ರಿಗೆ ಮಾತ್ರ ಎತ್ತರ ಬೇಕಿತ್ತು. 139 ಮೀಟರು ಅಂದಾಗ ಭಟ್ರು ಮನಸ್ಸಿನಲ್ಲೇ ಏಳೆಂಟು ಅಡಿಕೆ ಮರವನ್ನು ಒಂದರ ತಲೆಯ ಮೇಲೊಂದು ನಿಲ್ಲಿಸಿ, ಕೊಯ್ಯುವವರು ಸಿಗಲಿಕ್ಕಿಲ್ಲ ಅಂತ ಕೈಬಿಟ್ಟರು. ಮಾಷ್ಟ್ರು ಹೇಳಿದರು, "ಅಷ್ಟು ಏರಲಿಕ್ಕೆ ಘರ್ಷಣೆ ಇಲ್ಲದಿದ್ದರೆ 188 ಸಾಕು. ಅವರು 206 ಇಟ್ಟದ್ದು ಗಾಳಿಗೆ, ಚಕ್ರಕ್ಕೆ ಹೋಗುವ ಸೋರಿಕೆಗೆ. ಎದುರು ಗಾಳಿ ಜೋರಾದರೆ, ಚಳಿಗೆ ಬೇರಿಂಗಿನ ಗ್ರೀಸು ಗಟ್ಟಿಯಾದರೆ ಸಾಲದೆಯೂ ಬಂದೀತು."

"ಬರುತ್ತದೆ ಮಾಷ್ಟ್ರೇ! ತುದಿಯವರೆಗೆ ಹೋಗಿ ಹಿಂದಕ್ಕೆ ಜಾರುತ್ತದೆ. ರೋಲ್‌ಬ್ಯಾಕ್ ಅಂತ. ಗಾಡಿ ದಾಟಿದ ಕೂಡಲೇ ಹಳಿಯ ಮಧ್ಯದಿಂದ ಬ್ರೇಕಿನ ರೆಕ್ಕೆಗಳು ಮೇಲೆದ್ದು ನಿಂತಿರುತ್ತವೆ. ಹಿಂದೆ ಬಂದರೆ ಗಾಡಿಯ ಅಯಸ್ಕಾಂತ, ಆ ರೆಕ್ಕೆ, ಎರಡೂ ಸೇರಿ ಮುಟ್ಟದೆಯೇ ನಿಧಾನ ಮಾಡುತ್ತವೆ. ಕರೆಂಟು ಹೋದರೂ ಹಿಡಿಯುತ್ತದೆ. ಆ ರೋಲ್‌ಬ್ಯಾಕ್ ಸಿಗಲಿ ಅಂತಲೇ ಜನ ಹರಕೆ ಹೊರುತ್ತಾರೆ."

"ನನ್ನ ಜೀಪು ಪಳ್ಳತ್ತಡ್ಕ ಏರಿನಲ್ಲಿ ಹಿಂದೆ ಜಾರಿದರೆ ಜನ ಇಳಿದು ಓಡುತ್ತಾರೆ," ಎಂದ ಮೋಣು, ಬೇಸರದಲ್ಲಿ.

"ಅದು ಏರಿ ಇಳಿದ ಮೇಲೆ ಎಂತ?" ಕಿಟ್ಟಣ್ಣ.

"ಒಂದು ಸಣ್ಣ ಗುಡ್ಡ. ಆಮೇಲೆ ಬ್ರೇಕು. ಒಟ್ಟು 28 ಸೆಕೆಂಡು."

"ಅದೇ ನಾನು ಹೇಳುವುದು ಮಾರಾಯ. ನೀವೆಲ್ಲ ಹೇಳುವುದು ಹೊರಡುವ ಲೆಕ್ಕ. ಹೊರಟ ಮೇಲೆ ಎಂತ ಉಂಟು ಅಂತ ಒಬ್ಬನೂ ಹೇಳುವುದಿಲ್ಲ. ಸೊನ್ನೆಯಿಂದ ನೂರೆಂಬತ್ತು! ಮದುವೆಗೆ ಹೋದವ ಚಪ್ಪಲಿ ಬಿಟ್ಟ ಚಂದವನ್ನು ವರ್ಣಿಸಿದ ಹಾಗೆ."

"ಈಗ ಎಲ್ಲಿದೆ ಅದು?"

"2025ರ ಫೆಬ್ರವರಿ 28ಕ್ಕೆ ಸ್ಫೋಟಕ ಇಟ್ಟು ಕೆಡವಿದರು ಮಾಷ್ಟ್ರೇ." ರಘು ಪುನರ್ಪುಳಿ ಶರಬತ್ತಿನ ಗ್ಲಾಸನ್ನು ತಿರುಗಿಸುತ್ತಾ ಕೂತ. "ಕೆಲವೇ ಸೆಕೆಂಡಿನಲ್ಲಿ ಮಲಗಿತು."

"ಹೋಗುವಾಗಲೂ ಲಾಂಚೇ ಪಾಪ," ಎಂದರು ಭಟ್ರು. ಯಾರೂ ನಗಲಿಲ್ಲ.

ಹುಡುಗನ ಮೋರೆ ನೋಡಿ ಕಿಟ್ಟಣ್ಣನಿಗೇ ಕನಿಕರವಾಯಿತೋ ಏನೋ, ತಂತಿ ತೆಗೆದು ಖಾಲಿಯಾದ ಸ್ಟೇಟರನ್ನು, ಅಂದರೆ ಮೋಟಾರಿನ ತಿರುಗದ ಹೊರಭಾಗವನ್ನು, ಎತ್ತಿ ಹಿಡಿದ. "ಹಗ್ಗ, ಎಣ್ಣೆ ಎಲ್ಲ ರಗಳೆ. ಹಗ್ಗದ ಎಳೆ ಬಿಚ್ಚುತ್ತದೆ, ಸೀಲು ಸೋರುತ್ತದೆ. ನಿನ್ನ ಹೊಸ ಜಾತಿಯ ಲಾಂಚ್ ಇಲ್ಲಿ ಉಂಟು ನೋಡು. ಇದನ್ನು ಉದ್ದಕ್ಕೆ ಸೀಳು. ಚಾಪೆ ಬಿಡಿಸಿದ ಹಾಗೆ ಹಳಿಯ ಮೇಲೆ ಹಾಸು. ಒಳಗೆ ತಿರುಗುವ ರೋಟರಿನ ಬದಲು ಗಾಡಿಯ ಅಡಿಗೆ ಅಲ್ಯೂಮಿನಿಯಂ ರೆಕ್ಕೆ. ಒಳಗೆ ತಿರುಗುತ್ತಿದ್ದ ಕಾಂತಕ್ಷೇತ್ರ ಈಗ ಉದ್ದಕ್ಕೆ ಓಡುತ್ತದೆ, ರೆಕ್ಕೆಯಲ್ಲಿ ಕರೆಂಟು ಹುಟ್ಟಿಸಿ ಅದನ್ನು ಎಳೆದುಕೊಂಡೇ ಹೋಗುತ್ತದೆ."

"ಎಲ್‌ಐಎಂ, ಲೀನಿಯರ್ ಇಂಡಕ್ಷನ್ ಮೋಟಾರು! 1996ರ ಫ್ಲೈಟ್ ಆಫ್ ಫಿಯರ್ ಕೋಸ್ಟರ್!" ರಘುವಿಗೆ ಜೀವ ಬಂತು. "ಈಗಿನದ್ದು ಎಲ್‌ಎಸ್‌ಎಂ, ಲೀನಿಯರ್ ಸಿಂಕ್ರನಸ್ ಮೋಟಾರು. ರೆಕ್ಕೆಯ ಜಾಗಕ್ಕೆ ಖಾಯಂ ಅಯಸ್ಕಾಂತ."

"ಸಿಂಕ್ರನಸ್ ಮೋಟಾರು. ಓಡುವ ಕಾಂತಕ್ಷೇತ್ರಕ್ಕಿಂತ ಹಿಂದೆ ಬೀಳುವ ಸ್ಲಿಪ್ ಇಲ್ಲ, ಬಿಸಿ ಕಮ್ಮಿ. ಆದರೆ ಗಾಡಿ ಈಗ ಎಲ್ಲಿ ಉಂಟು ಅಂತ ಸೆನ್ಸರು ಕ್ಷಣಕ್ಷಣಕ್ಕೂ ಹೇಳುತ್ತಿರಬೇಕು. ಲೆಕ್ಕ ತಪ್ಪಿದರೆ ತಳ್ಳಬೇಕಾದ ಕಾಂತವೇ ಹಿಡಿದು ಎಳೆದೀತು. ತಂತಿಯ ಸುರುಳಿಗೂ ಕಾಂತಕ್ಕೂ ನಡುವೆ ಸಂದು ಇಷ್ಟೇ ಇಷ್ಟು. ಚಕ್ರ ಸವೆದು ಗಾಡಿ ತಗ್ಗಿದರೆ ಆ ಸಂದೂ ಬದಲಾಯಿತು, ತಳ್ಳುವ ಬಲವೂ ಬದಲಾಯಿತು. ಮತ್ತೆ ಒಂದೇ ಸಲಕ್ಕೆ ಅಷ್ಟು ಕರೆಂಟು ಎಲ್ಲಿಂದ? ಇಲ್ಲಿ ಭಟ್ರು ಪಂಪು ಹಾಕಿದರೆ ಪಕ್ಕದ ಮನೆಯ ಟ್ಯೂಬ್‌ಲೈಟು ಕಣ್ಣು ಮಿಟುಕಿಸುತ್ತದೆ."

"ಒರ್ಲಾಂಡೊದ ಹಲ್ಕ್ ಕೋಸ್ಟರಿಗೆ ಅದಕ್ಕೇ ಫ್ಲೈವೀಲ್ ಇಟ್ಟಿದ್ದರು," ಎಂದ ರಘು. "ಭಾರದ ಚಕ್ರದ ವೇಗವನ್ನು ನಿಧಾನಕ್ಕೆ ಏರಿಸಿ ಶಕ್ತಿ ಕೂಡಿಸಿಡುವುದು, ಲಾಂಚಿನ ಹೊತ್ತಿಗೆ ಅದರಿಂದ ಕರೆಂಟು ತೆಗೆಯುವುದು."

"ಅದಕ್ಕಿಂತ ಮೊದಲು ಕಲ್ಲು ಬೀಳಿಸುತ್ತಿದ್ದರಂತೆ?" ಮಾಷ್ಟ್ರು ಕೇಳಿದರು.

"ಕಲ್ಲಲ್ಲ, ತೂಕ. 1977ರಲ್ಲಿ ಜರ್ಮನಿಯ ಶ್ವಾರ್ಜ್‌ಕಾಫ್ ಮಾಡಿದ್ದು. ಗೋಪುರದೊಳಗೆ ದೊಡ್ಡ ತೂಕ ಕೆಳಗೆ ಬೀಳುತ್ತದೆ, ಹಗ್ಗದ ಇನ್ನೊಂದು ಕಡೆ ಗಾಡಿ ಹಾರುತ್ತದೆ."

"ಏತ!" ಭಟ್ರು ಎದ್ದೇ ನಿಂತರು. "ಅದು ಏತ ಮಾರಾಯ! ನಮ್ಮ ಕೆಳಗಿನ ತೋಟದಲ್ಲಿ ಇತ್ತಲ್ಲ. ಒಂದು ತುದಿಗೆ ಕಲ್ಲು, ಇನ್ನೊಂದಕ್ಕೆ ಮರಿಗೆ. ಬೆಳಗಿನ ಜಾವ ಅಪ್ಪ ಏತಕ್ಕೆ ಹೋದರೆ ಅದರ ಕಿರ್ರ್ ಕೇಳಿಯೇ ಹಾಸಿಗೆಯಲ್ಲಿ ಲೆಕ್ಕ ಸಿಗುತ್ತಿತ್ತು, ಎಷ್ಟು ಮರಿಗೆ ನೀರಾಯಿತು, ಇನ್ನು ಎಷ್ಟು ಹೊತ್ತು ಮಲಗಬಹುದು ಅಂತ." ಸ್ವಲ್ಪ ತಡೆದು, "ಈಗ ಸ್ವಿಚ್ಚು. ಅದೂ ಸುಟ್ಟಿತು," ಎಂದು ಕೂತರು.

ರಘು ಇನ್ನೊಂದು ಬಾಣ ತೆಗೆದ. "ಈಗಿನ ಟ್ರೆಂಡ್ ಸ್ವಿಂಗ್ ಲಾಂಚ್. ಒಹಾಯೊದ ಸೀಡರ್ ಪಾಯಿಂಟಿನಲ್ಲಿ ಟಾಪ್ ಥ್ರಿಲ್ ಡ್ರಾಗ್‌ಸ್ಟರ್ ಇತ್ತಲ್ಲ, ಹೈಡ್ರಾಲಿಕ್. ಅದನ್ನು ಎಲ್‌ಎಸ್‌ಎಂ ಮಾಡಿ 2024ರಲ್ಲಿ ಟಾಪ್ ಥ್ರಿಲ್ 2 ಅಂತ ಬಿಟ್ಟರು. ಇದ್ದ ಹಳಿಯ ಉದ್ದದಲ್ಲಿ ಒಂದೇ ಸಲಕ್ಕೆ ಅಷ್ಟು ವೇಗ ಕೊಡುವ ಬದಲು ಮೂರು ಸಲ. ಮೊದಲು ಮುಂದಕ್ಕೆ 119. ಗೋಪುರ ಅರ್ಧ ಏರಿ ಹಿಂದೆ ಬರುತ್ತದೆ, ಆಗ ಹಿಂದಕ್ಕೇ ತಳ್ಳಿ 162. ಹಿಂದಿನ ಗೋಡೆಯ ಹಾಗಿರುವ ಹಳಿ ಏರಿ ಇಳಿಯುವಾಗ ಮತ್ತೆ ಮುಂದಕ್ಕೆ, 193!"

ಮೋಣು ನಿಧಾನಕ್ಕೆ ಕೇಳಿದ, "ಬ್ಯಾಟರಿ ಇಳಿದ ಜೀಪನ್ನು ಮುಂದೆ ತಳ್ಳಿ, ಹಿಂದೆ ತಳ್ಳಿ, ಮತ್ತೆ ಮುಂದೆ ತಳ್ಳಿ ಸ್ಟಾರ್ಟ್ ಮಾಡಿದ ಹಾಗೆ?"

"ಹಾಗಲ್ಲ ಮೋಣು..."

"ಹಾಗೆಯೇ," ಎಂದ ಕಿಟ್ಟಣ್ಣ. "ಓಡಿತಾ?"

"ಒಂದು ವಾರ ಓಡಿತು. ಆಮೇಲೆ ಚಕ್ರದ ತೊಂದರೆ. 2025ರಲ್ಲಿ ಮತ್ತೆ ಬಿಟ್ಟರು."

"ಚಕ್ರ! ಅಲ್ಲಿಗೆ ಬಾ." ಕಿಟ್ಟಣ್ಣ ಇಕ್ಕುಳ ಕೆಳಗಿಟ್ಟ. "ಎಲ್ಲರೂ ಮೋಟಾರು ನೋಡುತ್ತಾರೆ, ಕೂತವನ ಸೊಂಟಕ್ಕೆ ಗೊತ್ತಾಗುವುದು ಚಕ್ರ. ಹಳಿಯನ್ನು ಮೂರು ಕಡೆಯಿಂದ ಹಿಡಿಯಬೇಕು, ಮೇಲೆ ಒಂದು, ಬದಿಗೆ ಒಂದು, ಅಡಿಗೆ ಒಂದು. ಅಡಿಯದ್ದು ಇಲ್ಲದಿದ್ದರೆ ಗುಡ್ಡದ ತುದಿಯಲ್ಲಿ ಗಾಡಿ ಆಕಾಶಕ್ಕೆ. ಚಕ್ರದ ಹೊರಮೈ ಪಾಲಿಯುರೆಥೇನ್ ಹಾಕಿದರೆ ಮೆತ್ತಗೆ, ಆದರೆ ವೇಗಕ್ಕೆ ಬಿಸಿಯಾಗಿ ಕಿತ್ತು ಬರುತ್ತದೆ. ಭಾರ ಹೊತ್ತು ಒಂದೇ ಕಡೆ ನಿಂತರೆ ಚಪ್ಪಟೆಯಾಗುತ್ತದೆ, ಮರುದಿನ ದಡದಡ. ನೈಲಾನ್ ಹಾಕಿದರೆ ಓಟ ಜಾಸ್ತಿ, ಹಲ್ಲಿಗೂ ಕೆಲಸ ಜಾಸ್ತಿ. ಬದಿ ಚಕ್ರದ ಸಂದು ಸಡಿಲಾದರೆ ಗಾಡಿ ಆಚೆ ಈಚೆ ಬಡಿಯುತ್ತದೆ. ಹೆಗಲ ಮೇಲಿಂದ ಬರುವ ಪಟ್ಟಿ ಇದ್ದರೆ ಆ ಬಡಿತ ಸೀದಾ ಕಿವಿಗೆ."

"ಅದು ಸತ್ಯ," ಎಂದು ರಘು ಒಪ್ಪಿಕೊಂಡ. "ಫ್ಲೈಟ್ ಆಫ್ ಫಿಯರಿಗೆ ಮೊದಲು ಹೆಗಲ ಪಟ್ಟಿಯೇ ಇದ್ದದ್ದು. 2001ರಲ್ಲಿ ತೆಗೆದು ತೊಡೆಯ ಮೇಲಿನ ಸರಳು ಮಾತ್ರ ಹಾಕಿದರು. ಗಾಡಿ ಅದೇ, ಹಳಿ ಅದೇ, ಜನ ಹೊಗಳಲು ಶುರು."

"ನೋಡು. ಒಂದೇ ಒಂದು ಸೆಕೆಂಡು ಕಡಿಮೆ ಮಾಡದೆ!"

ಮಾಷ್ಟ್ರು ತಮ್ಮ ವಿಷಯ ಹಿಡಿದರು. "ವೇಗ ಹೊಟ್ಟೆಗೆ ಗೊತ್ತೇ ಆಗುವುದಿಲ್ಲ. ತಳ್ಳುವ ಬಲ ಎಷ್ಟು, ಅದು ಎಷ್ಟು ಬೇಗ ಬದಲಾಗುತ್ತದೆ ಅಂತ ಮಾತ್ರ ಗೊತ್ತಾಗುವುದು. ಒಳ್ಳೆಯ ಡ್ರೈವರು ಎರಡು ಬೆಲ್ಲಿಗೆ ಕ್ಲಚ್ಚು ಬಿಡುವುದನ್ನು ನೋಡು, ನಿಂತವನ ಕೈಯ ಚಾಯ ತುಳುಕದು. ಅದೇ ಬಸ್ಸು, ಇನ್ನೊಬ್ಬ ಡ್ರೈವರು, ನಾವು ಎದುರು ಸೀಟಿನವರ ಮಡಿಲಲ್ಲಿ."

"ತಿರುಚುವ ಹಳಿಯಲ್ಲೂ ಅದೇ ಮಾಷ್ಟ್ರೇ. ಹಳಿಯ ಸುತ್ತ ಗಾಡಿ ತಿರುಗಿದರೆ ತಲೆ ಬೀಸಿ ಒಗೆದ ಹಾಗೆ. ಅದಕ್ಕೆ ಕೂತವರ ಎದೆಯ ಮಟ್ಟವನ್ನು ಅಚ್ಚು ಮಾಡಿ ಹಳಿಯನ್ನೇ ಅದರ ಸುತ್ತ ಸುತ್ತಿಸುವುದು, ಹಾರ್ಟ್‌ಲೈನ್ ಅಂತ. ಮ್ಯಾವರಿಕ್ ಅಂತ ಒಂದು ಉಂಟು, 2007ರದ್ದು. ಅಂಥ ಒಂದು ಸುತ್ತು ಕಟ್ಟಿ, ಪರೀಕ್ಷೆಯಲ್ಲಿ ಬಲ ಜಾಸ್ತಿಯಾಯಿತು ಅಂತ ಜನರಿಗೆ ತೆರೆಯುವ ಮೊದಲೇ ಬಿಚ್ಚಿ ಬೇರೆ ಹಳಿ ಹಾಕಿದರು."

"ಕಟ್ಟಿದ್ದನ್ನು ಬಿಚ್ಚುವ ಬುದ್ಧಿ ಬರುವುದು ದೊಡ್ಡದು," ಎಂದ ಕಿಟ್ಟಣ್ಣ, ಬಿಚ್ಚಿದ ತಂತಿಯ ರಾಶಿ ನೋಡಿ.

"ನಮ್ಮ ದೇಶದಲ್ಲಿ ಇಲ್ಲವಾ?" ಭಟ್ರು.

"ಮಹಾರಾಷ್ಟ್ರದ ಖೊಪೋಲಿಯ ಇಮ್ಯಾಜಿಕಾ ಪಾರ್ಕಿನಲ್ಲಿ ಎರಡೂ ಜಾತಿಯದ್ದು ಉಂಟು. ಡೀಪ್ ಸ್ಪೇಸ್ ಕತ್ತಲೆಯೊಳಗೆ ಲಾಂಚ್. ನೈಟ್ರೋ ಮಾತ್ರ ಹಳೆಯ ಹಾಗೆ ಚೈನಿನಲ್ಲಿ ಏರುವುದು."

"ಕತ್ತಲೆಗೆ ದುಡ್ಡು ಯಾಕೆ? ನಮ್ಮ ಗುಡ್ಡದ ಸುರಂಗಕ್ಕೆ ಹೋಗು. ಬಾವಲಿಯೂ ಉಂಟು, ಕುಡಿಯಲಿಕ್ಕೆ ನೀರೂ ಉಂಟು."

"ಚೈನು ಅಂದೆಯಲ್ಲ," ಕಿಟ್ಟಣ್ಣ ಮೆಲ್ಲ ಹೇಳಿದ. "ಅದರಲ್ಲಿ ಗಾಡಿಯ ಅಡಿಗೆ ಒಂದು ಕೊಕ್ಕೆ ಇರುತ್ತದೆ. ಗಾಡಿ ಹಿಂದೆ ಜಾರದ ಹಾಗೆ ಹಲ್ಲಿನ ಪಟ್ಟಿಯ ಮೇಲೆ ಒಂದೊಂದೇ ಹಲ್ಲಿಗೆ ಬಿದ್ದುಕೊಂಡು ಹೋಗುತ್ತದೆ. ಅದಕ್ಕೆ ನಾಯಿ ಅಂತಲೇ ಹೆಸರು."

"ಬೊಗಳುತ್ತದಾ?"

"ಮತ್ತೆ? ಆ ಟಕ್ ಟಕ್ ಟಕ್ ಎಂತ ಅಂದುಕೊಂಡಿರಿ ಭಟ್ರೇ? ಅದು ಕೇಳುತ್ತಾ ಏರುವಾಗ ಸುತ್ತಲ ಊರು ಕಾಣುತ್ತದೆ, ಇಳಿಯಬಹುದಿತ್ತು ಅಂತ ಅನಿಸುತ್ತದೆ, ಹೆಂಡತಿ ಮಕ್ಕಳ ನೆನಪಾಗುತ್ತದೆ. ತುದಿಯಲ್ಲಿ ನಾಯಿ ಸುಮ್ಮನಾಗುತ್ತದೆ. ಆ ಒಂದು ಗಳಿಗೆಗೇ ಅಲ್ಲವಾ ಟಿಕೆಟು? ಲಾಂಚಿನಲ್ಲಿ ಹೆದರಲಿಕ್ಕೂ ಪುರುಸೊತ್ತು ಕೊಡುವುದಿಲ್ಲ."

"ಅದು ಮುದುಕರ ಮಾತು ಕಿಟ್ಟಣ್ಣ," ಎಂದ ರಘು.

"ಹೌದು," ಎಂದ ಕಿಟ್ಟಣ್ಣ. "ಭಟ್ರೇ, ಇದು ಆಗಲಿಕ್ಕೆ ಎರಡು ದಿನ ಬೇಕು. ವಾರ್ನಿಶು ಒಣಗದೆ ಕೊಡುವುದಿಲ್ಲ. ಅಲ್ಲಿಯವರೆಗೆ ನನ್ನ ಹಳೆ ಪಂಪು ಕೊಂಡುಹೋಗಿ. ಫೇಸು ನೋಡಿ ಹಾಕಿ."

ಪಂಪು ಜೀಪಿಗೇರಿತು, ಭಟ್ರು ಮುಂದೆ ಕೂತರು, ಮೋಣು ಕೀಲಿ ತಿರುಗಿಸಿದ. ಕ್ಟಕ್ ಎಂದು ಒಂದು ಸದ್ದು, ಅಷ್ಟೆ.

"ಬ್ಯಾಟರಿ," ಎಂದ ಮೋಣು, ರಘುವನ್ನೇ ನೋಡುತ್ತಾ.

ಮುಂದಕ್ಕೆ ತಳ್ಳಿದರು. ಸೆಕೆಂಡ್ ಗೇರಿನಲ್ಲಿ ಕ್ಲಚ್ಚು ಬಿಟ್ಟರೆ ಜೀಪು ಮುಗ್ಗರಿಸಿ ನಿಂತಿತು. "119," ಎಂದ ಕಿಟ್ಟಣ್ಣ. ಏರಿನ ಕಡೆಗೆ ಹಿಂದಕ್ಕೆ ತಳ್ಳಿದರು. "162." ಮತ್ತೆ ಮುಂದಕ್ಕೆ. ಒಮ್ಮೆ ಕೆಮ್ಮಿ, ಕರಿ ಹೊಗೆ ಬಿಟ್ಟು ಎಂಜಿನು ಹಿಡಿಯಿತು. ಭಟ್ರು ಹಿಂದೆ ತಿರುಗಿ ಏನೋ ಕೂಗಿದರು. ನೂರಾ ತೊಂಬತ್ತಮೂರು ಎಂದೇ ಇರಬೇಕು.

ರಘು ಬೆವರೊರೆಸುತ್ತಾ ಬಂದು ಬೆಂಚಿನಲ್ಲಿ ಕೂತ. ಪೇಟೆ ದಾಟಿ ಜೀಪು ಗುಡ್ಡದ ದಾರಿ ಹಿಡಿದದ್ದು ಕೇಳಿತು. ಫಸ್ಟ್ ಗೇರು. ಟಕ್ ಟಕ್ ಟಕ್ ಟಕ್. ಮಾತಾಡಲು ಹೊರಟ ರಘುವಿಗೆ ಕಿಟ್ಟಣ್ಣ ಇಕ್ಕುಳ ಎತ್ತಿ ಸುಮ್ಮನಿರು ಎಂದ. ಸದ್ದು ಸಣ್ಣದಾಗುತ್ತಾ, ನಿಧಾನವಾಗುತ್ತಾ, ಮೇಲೆ ಮೇಲೆ ಹೋಯಿತು. ಮಾಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. ಗುಡ್ಡದ ತುದಿಯಲ್ಲಿ ಎಂಜಿನು ಒಮ್ಮೆಲೇ ತಗ್ಗಿತು.

ರಘು ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.