ಸೆಕೆಂಡ್ ಹ್ಯಾಂಡ್ ಬಟ್ಟೆ ಕೊಂಡ ಮಾತ್ರಕ್ಕೆ ಅದು ಸ್ಲೋ ಫ್ಯಾಷನ್ ಆಗುತ್ತದೆಯೇ? ಕೊಳ್ಳುವಾಗ ಏನನ್ನು ನೋಡಬೇಕು?

ಪ್ರಶ್ನೆ

ಕಳೆದ ಒಂದೂವರೆ ವರ್ಷದಿಂದ ನಾನು ಹೊಸ ಬಟ್ಟೆಯನ್ನು ಕೊಂಡಿಲ್ಲ. ಒಳಉಡುಪು ಮತ್ತು ಕಾಲುಚೀಲಗಳನ್ನು ಬಿಟ್ಟರೆ ಈ ಅವಧಿಯಲ್ಲಿ ನನ್ನ ಕಪಾಟಿಗೆ ಬಂದದ್ದೆಲ್ಲವೂ ಬೇರೆಯವರು ತೊಟ್ಟು ಬಿಟ್ಟ ಬಟ್ಟೆಗಳೇ. ಒಂದೇ ಒಂದು ಟೀ ಶರ್ಟಿನ ಹತ್ತಿಗೆ ಸುಮಾರು 2,700 ಲೀಟರ್ ನೀರು ಬೇಕಾಗುತ್ತದೆ ಎಂಬ ಲೆಕ್ಕವನ್ನು ಓದಿದ ದಿನ ನಾನು ಈ ನಿರ್ಧಾರ ಮಾಡಿದೆ. ಆ ನಿರ್ಧಾರದ ಬಗ್ಗೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ.

ಆದರೆ ಹೋದ ವಾರ ಕಪಾಟನ್ನು ಒರೆಸಲೆಂದು ಎಲ್ಲವನ್ನೂ ಹೊರತೆಗೆದು ಹಾಸಿಗೆಯ ಮೇಲೆ ಹರಡಿದಾಗ ಮನಸ್ಸಿಗೆ ಕಸಿವಿಸಿಯಾಯಿತು. ಹೊಸ ಬಟ್ಟೆ ಕೊಳ್ಳುತ್ತಿದ್ದ ದಿನಗಳಲ್ಲಿ ಇದ್ದುದಕ್ಕಿಂತ ಈಗಿನ ರಾಶಿಯೇ ದೊಡ್ಡದಾಗಿದೆ. ಅದರಲ್ಲಿ ಒಂಬತ್ತು ಅಂಗಿಗಳನ್ನು ತಂದ ಮೇಲೆ ಒಮ್ಮೆಯೂ ತೊಟ್ಟಿಲ್ಲ. ಎರಡು ಪ್ಯಾಂಟುಗಳು ಮೂರನೆಯ ಒಗೆತಕ್ಕೇ ಮೊಣಕಾಲಿನ ಹತ್ತಿರ ಜೋತುಬಿದ್ದಿವೆ. ತುಂಬ ಇಷ್ಟಪಟ್ಟು ತಂದ ಒಂದು ಉಣ್ಣೆಯ ಕೋಟಿನಿಂದ ನುಸಿಗುಳಿಗೆಯ ವಾಸನೆ ಎರಡು ಸಲ ಒಗೆದರೂ ಹೋಗಿಲ್ಲ.

ಬಲ್ಲವರು ದಯವಿಟ್ಟು ತಿಳಿಸಬೇಕು. ಬಳಸಿದ ಬಟ್ಟೆಯನ್ನು ಕೈಗೆತ್ತಿಕೊಂಡಾಗ ಅದು ಇನ್ನೂ ಎಷ್ಟು ದಿನ ಬಾಳಿಕೆ ಬರುತ್ತದೆಂದು ಅಂದಾಜು ಮಾಡುವುದು ಹೇಗೆ? ಮನೆಗೆ ತಂದ ಮೇಲೆ ಅದನ್ನು ಯಾವ ಮಟ್ಟಿಗೆ ಶುಚಿ ಮಾಡಿದರೆ ಸಾಕು? ಗುರುತಿಲ್ಲದವರ ಬಟ್ಟೆಯಿಂದ ಚರ್ಮರೋಗ ಬಂದೀತೆಂದು ನನ್ನ ಅಕ್ಕ ಹೆದರುತ್ತಾರೆ, ಆ ಹೆದರಿಕೆಯನ್ನು ನಾನು ಸುಮ್ಮನೆ ತಳ್ಳಿಹಾಕಲಾರೆ. ಇನ್ನೊಂದು ವಿಷಯವೂ ಮನಸ್ಸನ್ನು ಕೊರೆಯುತ್ತಿದೆ. ಹೊಸದನ್ನು ಕೊಳ್ಳುವ ಅನುಕೂಲವಿರುವ ನನ್ನಂಥವಳು ಇಂಥ ಬಟ್ಟೆಗಳಿಗೆ ಕೈಹಾಕಿದರೆ, ಅವು ನಿಜವಾಗಿ ಬೇಕಾಗಿರುವವರ ಪಾಲನ್ನು ನಾನು ಕಿತ್ತುಕೊಂಡಂತೆ ಆಗುವುದಿಲ್ಲವೇ? ನನ್ನ ಕಪಾಟನ್ನು ನೋಡಿದ ಮೇಲೆ ಇದನ್ನು ಸ್ಲೋ ಫ್ಯಾಷನ್, ಅಂದರೆ ಕಡಿಮೆ ಕೊಂಡು ಬಹುಕಾಲ ತೊಡುವ ಪದ್ಧತಿ, ಎಂದು ಕರೆಯಲು ಸಂಕೋಚವಾಗುತ್ತಿದೆ.

ಉತ್ತರ 1

ನಾನು ಇಪ್ಪತ್ತೆರಡು ವರ್ಷಗಳಿಂದ ಹೊಲಿಗೆ ಮತ್ತು ಆಲ್ಟರೇಷನ್ ಕೆಲಸ ಮಾಡಿಕೊಂಡು ಬಂದಿದ್ದೇನೆ. ಆದ್ದರಿಂದ ನಿಮ್ಮ ಮೊದಲನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಬಟ್ಟೆ ಕೈಗೆ ಬಂದ ಕೂಡಲೇ ಒಳಗಿನದನ್ನು ಹೊರಗೆ ಮಾಡಿ ನೋಡಿ. ಹೊಲಿಗೆಯ ಆಚೆ ಒಂದೂವರೆ, ಎರಡು ಸೆಂಟಿಮೀಟರಿನಷ್ಟು ಬಟ್ಟೆ ಬಿಟ್ಟಿದ್ದರೆ ಮುಂದೆ ಬಿಚ್ಚಿ ಹಿಗ್ಗಿಸಿಕೊಳ್ಳಬಹುದು. ಅಂಚಿನ ನೂಲು ಬಿಡದಂತೆ ಹಾಕುವ ಓವರ್‌ಲಾಕ್ ಹೊಲಿಗೆಯ ಪಕ್ಕಕ್ಕೇ ಕತ್ತರಿ ಬಿದ್ದಿದ್ದರೆ ಆ ಉಡುಪನ್ನು ಚಿಕ್ಕದು ಮಾಡಬಹುದೇ ಹೊರತು ದೊಡ್ಡದು ಮಾಡಲಾಗದು. ಆಮೇಲೆ ಹೊಲಿಗೆಯ ಎರಡೂ ಬದಿಯನ್ನು ಹಿಡಿದು ಮೆಲ್ಲಗೆ ಎಳೆಯಿರಿ. ದಾರ ಗಟ್ಟಿಯಾಗಿದ್ದು ಪಕ್ಕದ ನೂಲುಗಳು ಸರಿದು ಸಂದು ಬೀಳುತ್ತಿದ್ದರೆ ತೊಂದರೆ ನೇಯ್ಗೆಯದು, ಅದನ್ನು ಯಾವ ದರ್ಜಿಯೂ ಸರಿಮಾಡಲಾರ. ದಾರವೇ ಕಿತ್ತುಬರುತ್ತಿದ್ದರೆ ಹೆದರಬೇಕಾಗಿಲ್ಲ, ಅರ್ಧ ಗಂಟೆಯಲ್ಲಿ ಮತ್ತೆ ಹೊಲಿಯಬಹುದು.

ಇದಾದ ಮೇಲೆ ಬಟ್ಟೆಯನ್ನು ಬೆಳಕಿಗೆ ಹಿಡಿಯಬೇಕು. ಮೊಣಕೈ, ಕುಳಿತುಕೊಳ್ಳುವ ಭಾಗ, ತೊಡೆಗಳ ಒಳಬದಿ, ಕಂಕುಳು, ಇವು ಮೊದಲು ಸವೆಯುವ ಜಾಗಗಳು. ಉಳಿದ ಕಡೆ ದಟ್ಟವಾಗಿರುವ ನೇಯ್ಗೆ ಅಲ್ಲಿ ಮಾತ್ರ ಜಾಳಾಗಿ ಬೆಳಕು ಸೋರುತ್ತಿದ್ದರೆ ಮುಂದಿನ ಕೆಲವೇ ಒಗೆತಗಳಲ್ಲಿ ಅದು ಹರಿಯುತ್ತದೆ. ಉಣ್ಣೆಯ ಬಟ್ಟೆಯಲ್ಲಿ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಅಲ್ಲಲ್ಲಿ ಕಂಡರೆ ಅದು ನುಸಿಯ ಕೆಲಸ. ಟೀ ಶರ್ಟಿನ ಪಕ್ಕದ ಹೊಲಿಗೆ ನೇರವಾಗಿ ಕೆಳಗಿಳಿಯದೆ ಹೊಟ್ಟೆಯ ಕಡೆಗೆ ತಿರುಚಿಕೊಂಡಿದ್ದರೆ ಅದನ್ನು ಅಲ್ಲೇ ಬಿಟ್ಟುಬಿಡಿ, ಇಸ್ತ್ರಿ ಹಾಕಿದಷ್ಟು ಹೊತ್ತು ಮಾತ್ರ ಅದು ನೆಟ್ಟಗಿರುತ್ತದೆ.

ನಿಮ್ಮ ಪ್ಯಾಂಟುಗಳು ಜೋತುಬಿದ್ದದ್ದಕ್ಕೆ ಕಾರಣ ಬಹುಪಾಲು ಇಲಾಸ್ಟೇನ್ ಆಗಿರಬೇಕು. ಸ್ಪ್ಯಾಂಡೆಕ್ಸ್ ಎಂದೂ ಕರೆಯುವ ಈ ನಾರನ್ನು ಕಂಡುಹಿಡಿದದ್ದು 1958ರಲ್ಲಿ. ಹತ್ತಿಯ ಜೊತೆ ಸ್ವಲ್ಪ ಬೆರೆಸಿದರೂ ಬಟ್ಟೆ ಮೈಗೆ ಹಿತವಾಗಿ ಹಿಗ್ಗುತ್ತದೆ ಎಂಬುದು ನಿಜ, ಆದರೆ ಬಿಸಿ, ಬೆವರು ಮತ್ತು ಕ್ಲೋರಿನ್ ತಾಗಿ ತಾಗಿ ಅದು ಹತ್ತಿಗಿಂತ ಬಹಳ ಮೊದಲೇ ಸತ್ವ ಕಳೆದುಕೊಳ್ಳುತ್ತದೆ. ಕೊಳ್ಳುವ ಮೊದಲು ಮೊಣಕಾಲಿನ ಭಾಗವನ್ನು ಅಡ್ಡಕ್ಕೆ ಎಳೆದು ಬಿಡಿ. ಬಟ್ಟೆ ತಟ್ಟನೆ ಮೊದಲಿನಂತಾಗದೆ ಅಲೆ ಅಲೆಯಾಗಿ ನಿಂತರೆ, ಅಥವಾ ಬಿಳಿಯ ಸಣ್ಣ ಎಳೆಗಳು ಹೊರಗೆ ಇಣುಕುತ್ತಿದ್ದರೆ, ಆ ಬಟ್ಟೆಯ ಕಾಲ ಮುಗಿದಿದೆ. ಕೃತಕ ಚರ್ಮದ ಜಾಕೆಟ್ಟುಗಳು ಮತ್ತು ಒಳಗೆ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ಕಿನ ಲೇಪವಿರುವ ಮಳೆಯಂಗಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವು ಯಾರೂ ತೊಡದೆ ತೂಗುಹಾಕಿದ್ದಲ್ಲೇ ಗಾಳಿಯ ತೇವಕ್ಕೆ ಹಾಳಾಗುತ್ತವೆ. ಒಳಗೆ ಕೈಯಾಡಿಸಿದಾಗ ಅಂಟಂಟಾಗಿದ್ದರೆ ಅಥವಾ ಪುಡಿ ಉದುರಿದರೆ ಅದಕ್ಕೆ ರಿಪೇರಿಯೇ ಇಲ್ಲ.

ಚೀಟಿಯ ಮೇಲಿನ ಸೈಜನ್ನು ನಂಬಬೇಡಿ. ತಯಾರಕರಿಂದ ತಯಾರಕರಿಗೆ, ದಶಕದಿಂದ ದಶಕಕ್ಕೆ ಅದು ಬದಲಾಗಿದೆ. ನಿಮಗೆ ಚೆನ್ನಾಗಿ ಒಪ್ಪುವ ಒಂದು ಅಂಗಿಯನ್ನು ಮೇಜಿನ ಮೇಲೆ ಹಾಸಿ ಕಂಕುಳಿಂದ ಕಂಕುಳಿಗೆ, ಭುಜದಿಂದ ಭುಜಕ್ಕೆ ಅಳೆದು ಬರೆದಿಟ್ಟುಕೊಳ್ಳಿ. ಭುಜದ ಅಳತೆ ಸರಿಯಿದ್ದರೆ ಉಳಿದದ್ದನ್ನು ನಾವು ಸರಿಮಾಡಿಕೊಡುತ್ತೇವೆ. ಭುಜವೇ ತಪ್ಪಿದ ಕೋಟನ್ನು ಸರಿಮಾಡುವುದೆಂದರೆ ಅದನ್ನು ಹೊಸದಾಗಿ ಹೊಲಿದಷ್ಟೇ ಕೆಲಸ.

ಒಂದು ಸಂಗತಿ ಹೇಳಬೇಕೆನಿಸುತ್ತದೆ. ಕೆಲವು ವರ್ಷಗಳ ಹಿಂದೆ ಒಬ್ಬರು ಉದ್ದ ಮಾಡಿಸಲೆಂದು ಒಂದು ಹಳೆಯ ಹತ್ತಿಯ ಶರ್ಟನ್ನು ತಂದಿದ್ದರು. ಅದರ ಕಾಲರನ್ನು ಹಿಂದೆ ಯಾರೋ ಬಿಚ್ಚಿ, ಸವೆದ ಮಗ್ಗುಲನ್ನು ಕೆಳಗೆ ಮಾಡಿ, ಮತ್ತೆ ಕೂಡಿಸಿ ಹೊಲಿದಿದ್ದರು. ಹಳೆಯ ಹೊಲಿಗೆಯ ತೂತುಗಳ ಮೇಲೆಯೇ ಹೊಸ ಹೊಲಿಗೆ ಹೋಗಿತ್ತು, ಒಂದು ತೂತೂ ತಪ್ಪಿರಲಿಲ್ಲ. ಎಡ ಮೊಣಕೈಯಲ್ಲಿ ಉಗುರಿನಷ್ಟು ಜಾಗಕ್ಕೆ ರಫು ಮಾಡಿದ್ದರು, ಅದರ ದಾರ ಮಾತ್ರ ಒಂದು ಛಾಯೆ ತಿಳಿಯಾಗಿತ್ತು. ಇಂಥ ಗುರುತುಗಳನ್ನು ಕಂಡರೆ ಮುಖ ಸಿಂಡರಿಸಬೇಡಿ. ಯಾರೋ ಅದನ್ನು ಬಿಸಾಡದೆ ಉಳಿಸಿಕೊಂಡಿದ್ದರು ಎಂದರೆ ಆ ಬಟ್ಟೆಗೆ ಅಷ್ಟು ಬೆಲೆ ಇತ್ತು.

ಉತ್ತರ 2

ನಾನು ಚರ್ಮರೋಗ ವಿಭಾಗದಲ್ಲಿ ಶುಶ್ರೂಷಕಿಯಾಗಿ ಕೆಲಸ ಮಾಡುತ್ತೇನೆ. ನಿಮ್ಮ ಅಕ್ಕನವರ ಹೆದರಿಕೆಯಲ್ಲಿ ಒಂದಿಷ್ಟು ಹುರುಳಿದೆ, ಆದರೆ ಅದಕ್ಕೆ ಪರಿಹಾರ ಕಷ್ಟವೇನಲ್ಲ.

ಕಜ್ಜಿಯ ಹುಳು ಮನುಷ್ಯನ ಚರ್ಮದಿಂದ ದೂರವಾದರೆ ಸಾಮಾನ್ಯವಾಗಿ ಎರಡು ಮೂರು ದಿನಗಳಿಗಿಂತ ಹೆಚ್ಚು ಬದುಕುವುದಿಲ್ಲ. ಕೂರೆಗೆ ಸುಮಾರು ಒಂದು ವಾರ. ಹಾಗಾಗಿ ಕಪಾಟಿನಲ್ಲೋ ಪೊಟ್ಟಣದಲ್ಲೋ ವಾರಗಟ್ಟಲೆ ಇದ್ದು ನಿಮ್ಮ ಕೈಸೇರಿದ ಬಟ್ಟೆಯಿಂದ ಇವು ಬರುವ ಸಂಭವ ತೀರ ಕಡಿಮೆ. ಹುಳುಕಡ್ಡಿ ತರುವ ಶಿಲೀಂಧ್ರದ ವಿಷಯ ಹಾಗಲ್ಲ, ಅದರ ಬೀಜಕಣಗಳು ಬಟ್ಟೆಯ ಮೇಲೆ ತಿಂಗಳುಗಟ್ಟಲೆ ಉಳಿಯಬಲ್ಲವು. ತಿಗಣೆಯೂ ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಈ ಎಲ್ಲಕ್ಕೂ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಸೋಪು ಹಾಕಿ ಒಗೆದು ಚೆನ್ನಾಗಿ ಒಣಗಿಸುವುದೇ ಮದ್ದು. ಹತ್ತಿ ಮತ್ತು ಲಿನನ್ ಆ ಬಿಸಿಯನ್ನು ತಡೆಯುತ್ತವೆ, ಬಣ್ಣ ಬಿಡುವಂಥದ್ದಾದರೆ ಬೇರೆಯಾಗಿ ಒಗೆಯಿರಿ. ತೊಳೆಯುವವರೆಗೂ ತಂದ ಬಟ್ಟೆಯನ್ನು ಚೀಲದಿಂದ ತೆಗೆದು ಹಾಸಿಗೆಯ ಮೇಲೆ ಇಡಬಾರದು. ಒಳಉಡುಪು, ಕಾಲುಚೀಲಗಳನ್ನು ಹೊಸದಾಗಿಯೇ ಕೊಳ್ಳುವ ನಿಮ್ಮ ಪದ್ಧತಿ ಸರಿಯಾಗಿದೆ.

ಉಣ್ಣೆಗೆ ಬಿಸಿನೀರು ಆಗದು. ಅದರ ಎಳೆಗಳ ಮೇಲಿನ ಹೊರಪೊರೆ ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ನುಸಿಯ ಅನುಮಾನವಿದ್ದರೆ ಉಣ್ಣೆ ಅಥವಾ ರೇಷ್ಮೆಯ ಉಡುಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ, ಮೊಟ್ಟೆ ಮತ್ತು ಮರಿಹುಳು ಎರಡೂ ಸಾಯುತ್ತವೆ. ಬಟ್ಟೆಯನ್ನು ತಿನ್ನುವುದು ಹಾರಾಡುವ ನುಸಿಯಲ್ಲ, ಅದರ ಮರಿಹುಳು.

ನಿಮ್ಮ ಕೋಟಿನ ವಾಸನೆ ಒಗೆದರೆ ಹೋಗದಿರುವುದು ಸಹಜವೇ. ನುಸಿಗುಳಿಗೆ ಸಾಮಾನ್ಯವಾಗಿ ನ್ಯಾಫ್ತಲೀನ್ ಆಗಿರುತ್ತದೆ, ಅದು ನೀರಿನಲ್ಲಿ ಕರಗುವುದಿಲ್ಲ. ಆದರೆ ಗಟ್ಟಿ ರೂಪದಿಂದ ನೇರವಾಗಿ ಆವಿಯಾಗುವ ಗುಣ ಅದಕ್ಕಿದೆ. ಆದ್ದರಿಂದ ಕೋಟನ್ನು ಮತ್ತೆ ಮತ್ತೆ ನೆನೆಸುವ ಬದಲು, ಜೇಬುಗಳನ್ನು ಹೊರಗೆಳೆದು, ಗಾಳಿ ಚೆನ್ನಾಗಿ ಆಡುವ ಬೆಚ್ಚಗಿನ ನೆರಳಿನಲ್ಲಿ ಒಂದೆರಡು ವಾರ ತೂಗುಹಾಕಿ. ಅದನ್ನು ಉಸಿರಾಡುವುದು ಒಳ್ಳೆಯದಲ್ಲವಾದ್ದರಿಂದ ಮಲಗುವ ಕೋಣೆಯಲ್ಲಿ ಮಾತ್ರ ಬೇಡ.

ಉತ್ತರ 3

ನಿಮ್ಮ ಕೊನೆಯ ಎರಡು ಪ್ರಶ್ನೆಗಳು ನನ್ನನ್ನೂ ಬಹಳ ದಿನ ಕಾಡಿದ್ದವು. ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ, ನೊಂದುಕೊಳ್ಳಬಾರದು. ತೊಡದೆ ಇಟ್ಟಿರುವ ಆ ಒಂಬತ್ತು ಅಂಗಿಗಳು ಸೆಕೆಂಡ್ ಹ್ಯಾಂಡ್ ಹೌದು, ಸ್ಲೋ ಫ್ಯಾಷನ್ ಅಲ್ಲ.

ಸ್ಲೋ ಫ್ಯಾಷನ್ ಎಂಬ ಮಾತನ್ನು 2007ರಲ್ಲಿ ಬಳಕೆಗೆ ತಂದವರು ವಿನ್ಯಾಸ ಕ್ಷೇತ್ರದ ಸಂಶೋಧಕಿ ಕೇಟ್ ಫ್ಲೆಚರ್. ನಿಧಾನ ಎಂದರೆ ಅವರು ಗಡಿಯಾರವನ್ನು ಕುರಿತು ಹೇಳಲಿಲ್ಲ. ಬಟ್ಟೆಯ ಗುಣ, ಅದನ್ನು ಮಾಡುವವರ ಬದುಕು, ಅದನ್ನು ತೊಡುವವರು ಅದರೊಂದಿಗೆ ಇಟ್ಟುಕೊಳ್ಳುವ ಸಂಬಂಧ, ಈ ಮೂರರ ಕಡೆಗೂ ಗಮನ ಸೆಳೆಯುವುದು ಅವರ ಉದ್ದೇಶವಾಗಿತ್ತು. ಇದು ಎಷ್ಟು ಗಂಭೀರವಾದ ಮಾತೆಂಬುದು ಆರು ವರ್ಷಗಳ ನಂತರ, 2013ರ ಏಪ್ರಿಲ್ 24ರಂದು, ಢಾಕಾ ಬಳಿಯ ರಾಣಾ ಪ್ಲಾಜಾ ಕಟ್ಟಡ ಕುಸಿದಾಗ ಲೋಕಕ್ಕೆಲ್ಲ ತಿಳಿಯಿತು. ಹಿಂದಿನ ದಿನ ಗೋಡೆಗಳಲ್ಲಿ ಬಿರುಕು ಕಂಡಿದ್ದರೂ ಹೊಲಿಗೆಯ ಕೆಲಸಗಾರರನ್ನು ಮತ್ತೆ ಒಳಗೆ ಕಳುಹಿಸಲಾಗಿತ್ತು, 1,100ಕ್ಕೂ ಹೆಚ್ಚು ಜನ ಸತ್ತರು. ಅವಸರದ ಬಟ್ಟೆಗೆ ಬೇಡಿಕೆ ಇರುವಷ್ಟು ಕಾಲ ಅವಸರ ಮಾಡಿಸುವವರೂ ಇರುತ್ತಾರೆ. ನಾವು ಬಳಸಿದ್ದನ್ನು ಕೊಂಡಾಗ ಆ ಬೇಡಿಕೆಗೆ ನಮ್ಮ ಪಾಲಿನದು ಸೇರುವುದಿಲ್ಲ ಎಂಬ ಸಮಾಧಾನವೇನೋ ಇದೆ. ಆದರೆ ಆ ಸಮಾಧಾನ ನಿಜವಾಗುವುದು ಹೊಸದರ ಬದಲಿಗೆ ಹಳೆಯದನ್ನು ಕೊಂಡಾಗ ಮಾತ್ರ. ಇಲ್ಲದಿದ್ದರೆ ಕೊಳ್ಳದೇ ಇರುತ್ತಿದ್ದ ಒಂದನ್ನು, ಅಗ್ಗ ಸಿಕ್ಕಿತೆಂದೋ ಹಳೆಯದಾದ್ದರಿಂದ ದೋಷವಿಲ್ಲವೆಂದೋ ಮನೆಗೆ ತಂದಂತಾಗುತ್ತದೆ.

ಬೇಕಾದವರ ಪಾಲನ್ನು ಕಿತ್ತುಕೊಳ್ಳುತ್ತಿದ್ದೇನೆಯೇ ಎಂದು ಕೇಳಿದ್ದೀರಿ. ಒಟ್ಟಾರೆ ನೋಡಿದರೆ ಜಗತ್ತಿನಲ್ಲಿ ಬಳಸಿದ ಬಟ್ಟೆಗೆ ಕೊರತೆಯಿಲ್ಲ, ವಿಪರೀತ ಹೆಚ್ಚಳವೇ ತೊಂದರೆಯಾಗಿದೆ. ಘಾನಾದ ಅಕ್ರಾ ನಗರದ ಕಂಟಮಾಂಟೊ ಮಾರುಕಟ್ಟೆಗೆ ಶ್ರೀಮಂತ ದೇಶಗಳಿಂದ ಮೂಟೆಗಟ್ಟಲೆ ಹಳೆಯ ಬಟ್ಟೆ ಬಂದಿಳಿಯುತ್ತದೆ. ವ್ಯಾಪಾರಿಗಳು ಒಳಗೆ ಏನಿದೆಯೆಂದು ತಿಳಿಯುವ ಮೊದಲೇ ಮೂಟೆಗೆ ಹಣ ಕೊಟ್ಟಿರುತ್ತಾರೆ. ಹರಿದದ್ದೋ ಕಲೆಯಾದದ್ದೋ ಬಂದರೆ ನಷ್ಟ ಅವರದೇ, ಮಾರಲಾಗದ್ದು ಕೊನೆಗೆ ಚರಂಡಿ ಮತ್ತು ಕಡಲತೀರವನ್ನು ಸೇರುತ್ತದೆ. ಚಿಲಿಯ ಅಟಕಾಮ ಮರುಭೂಮಿಯಲ್ಲೂ ಇಂಥ ಬಟ್ಟೆಯ ಗುಡ್ಡೆಗಳಿವೆ. ಹೀಗಿರುವಾಗ ನೀವು ಒಂದು ಶರ್ಟು ಕೊಂಡದ್ದರಿಂದ ಯಾರಿಗೂ ಅನ್ಯಾಯವಾಗುವುದಿಲ್ಲ. ಆದರೂ ಕೆಲವನ್ನು ಬಿಟ್ಟುಕೊಡುವುದು ಒಳ್ಳೆಯದೆಂದು ನನಗೆ ತೋರುತ್ತದೆ. ದೊಡ್ಡ ಅಳತೆಯ ಗಟ್ಟಿ ಉಡುಪುಗಳು, ದಪ್ಪನೆಯ ಚಳಿಕೋಟುಗಳು, ಮಕ್ಕಳ ಬೂಟುಗಳು ಇವೆಲ್ಲ ಸುಲಭವಾಗಿ ಸಿಗುವಂಥವಲ್ಲ. ದೊಡ್ಡ ಅಂಗಿಯನ್ನು ಕತ್ತರಿಸಿ ತನ್ನ ಅಳತೆಗೆ ಹೊಲಿಸಿಕೊಳ್ಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ನಾನು ಮಾಡಿಕೊಂಡ ಒಂದು ಉಪಾಯವನ್ನು ಹೇಳುತ್ತೇನೆ. ಎರಡು ವರ್ಷಗಳಿಂದ ಕಪಾಟಿನ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದ್ದೇನೆ. ಪ್ರತಿ ಉಡುಪಿನ ಹೆಸರಿನ ಮುಂದೆ, ಅದನ್ನು ತೊಟ್ಟ ದಿನ ಪೆನ್ಸಿಲಿನಿಂದ ಒಂದು ಗೀಟು ಎಳೆಯುತ್ತೇನೆ. ಆರು ತಿಂಗಳಲ್ಲೇ ನನಗೆ ಗೊತ್ತಿಲ್ಲದ ಒಂದು ವಿಷಯ ಅದರಲ್ಲಿ ಕಾಣಿಸಿತು. ಜೇಬಿಲ್ಲದ ಯಾವ ಉಡುಪಿಗೂ ಮೂರಕ್ಕಿಂತ ಹೆಚ್ಚು ಗೀಟು ಬಿದ್ದಿರಲಿಲ್ಲ, ಒಂದು ನೀಲಿ ಲಿನನ್ ಅಂಗಿಗೆ ಮಾತ್ರ ನಲವತ್ತು ದಾಟಿತ್ತು. ಅಂದಿನಿಂದ ಜೇಬಿಲ್ಲದ್ದನ್ನು ನಾನು ಕೊಂಡಿಲ್ಲ. ಮನಸ್ಸಿಗೆ ಹಿಡಿಸಿದ್ದನ್ನೂ ಅಂದೇ ಕೊಳ್ಳುವುದಿಲ್ಲ. ಏನು ಬೇಕೆಂದು ಮೊದಲೇ ಬರೆದಿಟ್ಟುಕೊಂಡು ಅದೇ ಸಿಗುವವರೆಗೆ ಕಾಯುತ್ತೇನೆ. ಒಂದು ಕಪ್ಪು ಪ್ಯಾಂಟಿಗಾಗಿ ಏಳು ತಿಂಗಳು ಕಾದದ್ದೂ ಇದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ಎಲ್ಲವನ್ನೂ ಒಳಮಗ್ಗುಲು ಮಾಡಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂಬತ್ತು ಅಂಗಿಗಳಲ್ಲಿ ಆರು ಗಟ್ಟಿಯಾಗಿಯೇ ಇವೆ, ಅವನ್ನು ತೊಡುವವರಿಗೆ ಕೇಳಿ ಕೊಡುತ್ತೇನೆ, ಯಾರೂ ಒಪ್ಪದಿದ್ದರೆ ನಾನೇ ತೊಟ್ಟು ಹಾಳೆಯಲ್ಲಿ ಗೀಟು ಎಳೆಯುತ್ತೇನೆ. ಪ್ಯಾಂಟುಗಳಲ್ಲಿ ಬಿಳಿಯ ಎಳೆಗಳು ನೀವು ಹೇಳಿದಂತೆಯೇ ಇಣುಕುತ್ತಿವೆ. ಕೋಟನ್ನು ಗಾಳಿಗೆ ತೂಗುಹಾಕಿದ್ದೇನೆ. ಅದರ ಭುಜ ನನ್ನ ಅಳತೆಗೆ ಸರಿಯಾಗಿದೆ, ಆದರೆ ಬಲ ಮೊಣಕೈಯಲ್ಲಿ ಬೆಳಕು ಸೋರುತ್ತಿದೆ, ಪಕ್ಕದಲ್ಲಿ ಎರಡು ನುಸಿತೂತುಗಳೂ ಇವೆ. ಇದನ್ನು ಉಳಿಸಿಕೊಳ್ಳಬಹುದೇ?

ಉತ್ತರ 1 ಬರೆದವರು

ಖಂಡಿತವಾಗಿ ಉಳಿಸಿಕೊಳ್ಳಬಹುದು. ಮೊದಲು ಎರಡು ವಾರ ಫ್ರೀಜರಿನಲ್ಲಿಟ್ಟು ಆಮೇಲೆ ದರ್ಜಿಯ ಬಳಿ ಒಯ್ಯಿರಿ. ತೂತುಗಳಿಗೆ ರಫು ಮಾಡಿಸಲು ಹೊರಗಿನಿಂದ ದಾರ ತರುವುದು ಬೇಡ, ಕೋಟಿನ ಕೆಳಗಿನ ಮಡಿಕೆಯನ್ನು ಸ್ವಲ್ಪ ಬಿಚ್ಚಿದರೆ ಅಲ್ಲಿ ಬಿಸಿಲು ಕಾಣದ ಅದೇ ಬಣ್ಣದ ಬಟ್ಟೆ ಇರುತ್ತದೆ, ಅದರ ನೂಲನ್ನೇ ಬಿಡಿಸಿಕೊಳ್ಳಲು ಹೇಳಿ. ಮೊಣಕೈಗೆ ಹೊರಗಿನಿಂದ ತೇಪೆ ಹಾಕುವ ಮೊದಲು, ಅಸ್ತರನ್ನು ತೋಳಿನ ತುದಿಯಲ್ಲಿ ಬಿಚ್ಚಿ ಒಳಗಿನಿಂದ ತೆಳುವಾದ ಉಣ್ಣೆಯ ತುಂಡೊಂದನ್ನು ಆಧಾರವಾಗಿ ಕೊಡಿಸಿ. ತೇಪೆಯನ್ನು ಎರಡೂ ತೋಳಿಗೆ ಒಂದೇ ಎತ್ತರದಲ್ಲಿ ಹಾಕಿಸಿ, ಎಡ ಮೊಣಕೈ ಇನ್ನೂ ಗಟ್ಟಿಯಾಗಿದ್ದರೂ ಸರಿ. ಕೋಟು ತೊಟ್ಟು ಕೈ ಮಡಚಿ ನಿಂತಾಗಲೇ ಆ ಜಾಗವನ್ನು ಸೀಮೆಸುಣ್ಣದಿಂದ ಗುರುತು ಮಾಡಿಸಿಕೊಳ್ಳಿ. ಮೇಜಿನ ಮೇಲೆ ಹಾಸಿ ಗುರುತು ಹಾಕಿದರೆ ತೇಪೆ ಮೊಣಕೈಗಿಂತ ಎರಡು ಬೆರಳು ಮೇಲೆ ಬಂದು ಕೂರುತ್ತದೆ.