ಮುಟ್ಟಿನ ತೊಂದರೆ ಎಂದು ಹೋದರೆ ‘ತೂಕ ಇಳಿಸಿ ಬನ್ನಿ’ ಎನ್ನುತ್ತಾರೆ: ನಿಮಗೂ ಹೀಗಾಗಿದೆಯೇ?

ಅಂಕೋಲೆಯವಳು (ಕೇಳಿದವರು):
ವಯಸ್ಸು 38, ತೂಕ 96 ಕಿಲೋ. ಕಳೆದ ಮಳೆಗಾಲದಿಂದ ಮುಟ್ಟು ಶುರುವಾದರೆ ನಿಲ್ಲುವುದೇ ಇಲ್ಲ, ನಿಂತರೂ ನಡುವೆ ರಕ್ತ ಕಾಣಿಸಿಕೊಳ್ಳುತ್ತದೆ. ತೋರಿಸಿದ ಕಡೆಯಲ್ಲೆಲ್ಲ ಮೊದಲು ತೂಕದ ಯಂತ್ರ ಹತ್ತಿಸುತ್ತಾರೆ. ಅಂಕಿ ನೋಡಿದ ಮೇಲೆ ಬೇರೆ ಮಾತೇ ಇಲ್ಲ. “ಹದಿನೈದು ಕಿಲೋ ಇಳಿಸಿ ಬನ್ನಿ, ಆಮೇಲೆ ನೋಡೋಣ.” ಮಲಗಿಸಿ ಪರೀಕ್ಷೆ ಮಾಡಿದವರು ಒಬ್ಬರೂ ಇಲ್ಲ. ನನ್ನ ಪ್ರಶ್ನೆ ಎರಡೇ: ಮೊದಲು ಪರೀಕ್ಷಿಸಿ ಎಂದು ಜಗಳವಾಗದಂತೆ ಹೇಗೆ ಕೇಳುವುದು? ಕಾರವಾರ, ಹುಬ್ಬಳ್ಳಿ, ಗೋವಾ, ಇವುಗಳಲ್ಲಿ ಎಲ್ಲಿಗೆ ಹೋಗುವುದು ವಾಸಿ? ಏನು ತಿನ್ನಬೇಕು ಎಂಬ ಸಲಹೆ ದಯವಿಟ್ಟು ಬೇಡ.

ಕುಮಟೆಯ ಗಣಿತ ಟೀಚರ್:
ತಂಗಿ, ನನ್ನದು ಮುಟ್ಟಿನ ಕಥೆಯಲ್ಲ, ಕಾಲಿನದು. ಸೊಂಟದಿಂದ ಕೆಳಗೆ ಮಾತ್ರ ದಪ್ಪ. ಒತ್ತಿದರೆ ನೋವು, ತರಗತಿಯ ಬೆಂಚಿನ ಅಂಚು ತಾಗಿದರೂ ನೀಲಿಗಟ್ಟುತ್ತದೆ. ಮಗಳು ಹುಟ್ಟಿದ ಮೇಲೆ ಇನ್ನೂ ಹೆಚ್ಚಾಯಿತು. ಮೊದಲು ಆನೆಕಾಲು ರೋಗವಿರಬಹುದೆಂದು ರಾತ್ರಿ ಹೊತ್ತು ರಕ್ತ ತೆಗೆಸಿದರು. ಅದಕ್ಕೆ ನನ್ನ ತಕರಾರಿಲ್ಲ. ಕರಾವಳಿಯಲ್ಲಿ ಆ ಅನುಮಾನ ಸಹಜ, ಆ ಹುಳುವಿನ ಮರಿಗಳು ರಕ್ತದಲ್ಲಿ ಸಿಗುವುದೂ ಹೆಚ್ಚಾಗಿ ರಾತ್ರಿಯೇ. ಏನೂ ಸಿಗಲಿಲ್ಲ. ಅಲ್ಲಿಂದ ಮುಂದೆ ಎಲ್ಲರದೂ ಒಂದೇ ಪಾಠ. ಅನ್ನ ಬಿಟ್ಟೆ, ತೆಂಗಿನಕಾಯಿ ಬಿಟ್ಟೆ. ಮುಖ ಬತ್ತಿತು, ಕತ್ತಿನ ಮೂಳೆ ಎದ್ದು ಕಂಡಿತು, ಕಾಲು ಕರಗಲಿಲ್ಲ. “ಮನೆಯಲ್ಲಿ ಕದ್ದು ತಿನ್ನುತ್ತಾರೇನೋ ವಿಚಾರಿಸಿ” ಎಂದು ನನ್ನ ಎದುರಿಗೇ ನನ್ನ ಯಜಮಾನರಿಗೆ ಹೇಳಿದ ವೈದ್ಯರೂ ಇದ್ದಾರೆ.

ಕೊನೆಗೆ ಮಂಗಳೂರಿನ ಒಬ್ಬ ರಕ್ತನಾಳ ತಜ್ಞರು ಚಪ್ಪಲಿ ಬಿಚ್ಚಿಸಿ ಪಾದ ನೋಡಿದರು. ಆನೆಕಾಲಾದರೆ ಪಾದವೂ ಊದುತ್ತದೆ. ನನ್ನದು ಕಣಕಾಲಿಗೇ ನಿಂತಿದೆ, ಪಾದ ಸಪೂರ. ಕಾಲಿನಲ್ಲಿ ಕೊಬ್ಬು ಸೇರಿಕೊಳ್ಳುವ ಕಾಯಿಲೆ, ಲಿಪೆಡಿಮಾ ಎಂದರು. 1940ರಲ್ಲೇ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು ವಿವರಿಸಿದ ಕಾಯಿಲೆ. ಆ ಕೊಬ್ಬು ಉಪವಾಸಕ್ಕೆ ಸುಲಭವಾಗಿ ಬಗ್ಗುವುದಿಲ್ಲವಂತೆ.

ಈಗ ಖರ್ಚು ಕೇಳಿ. ಕಾಲನ್ನು ಬಿಗಿಯಾಗಿ ಹಿಡಿಯುವ ಕಂಪ್ರೆಷನ್ ಸ್ಟಾಕಿಂಗ್ಸ್ ಅಳತೆ ಕೊಟ್ಟು ಮಾಡಿಸಿದ್ದು, ಒಂದು ಜೊತೆಗೆ 6,800 ರೂಪಾಯಿ. ದಿನವೂ ಹಾಕಿದರೆ ಆರು ತಿಂಗಳಲ್ಲಿ ಬಿಗಿ ಹೋಗುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ಒಣಗುವುದಿಲ್ಲ, ಬಿಸಿಲು ಬಂದರೂ ಬಿಸಿಲಿಗೆ ಹಾಕುವಂತಿಲ್ಲ. ಹಾಗಾಗಿ ಎರಡು ಜೊತೆ ಬೇಕೇ ಬೇಕು, 13,600. ತೊಡೆಯ ಬಳಿಯ ಸಿಲಿಕಾನ್ ಪಟ್ಟಿಗೆ ಬೆವರು ಸೇರಿ ಗುಳ್ಳೆ, ಅದಕ್ಕೆ ಮುಲಾಮು 240. ಮೇ ತಿಂಗಳ ಸೆಖೆಯಲ್ಲಿ ಅದನ್ನು ಹಾಕಿಕೊಂಡು ಚುನಾವಣಾ ಕರ್ತವ್ಯ ಮಾಡಿದ್ದೇನೆ.

ಶಿರಸಿ ಹೆಗಡೆ:
ಕಹಿ ಮಾತಾದರೂ ಹೇಳುತ್ತೇನೆ. ನಮ್ಮ ಡಾಕ್ಟರು ಮುಲಾಜಿಲ್ಲದೆ ಬೈದರು, ಅದರಿಂದಲೇ ನಾನು ಬದುಕಿದ್ದೇನೆ. “ಹೆಗಡೆಯವರೇ, ಹೀಗೇ ಹೋಳಿಗೆ ಹೊಡೆಯುತ್ತಿದ್ದರೆ ಮುಂದಿನ ಮಾರಿಜಾತ್ರೆ ನೋಡುವುದಿಲ್ಲ” ಎಂದರು. ನನ್ನ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಂಕಿ, 29 ಇತ್ತು. ನಮ್ಮವರಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು, ಸೊಂಟ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮೀರಬಾರದು. ಮೂರು ತಿಂಗಳ ಸಕ್ಕರೆ ಸರಾಸರಿ 9.1 ಇದ್ದದ್ದು ಈಗ 6.2. ಬೆಳಗಿನ ಜಾವ ತೋಟ ಸುತ್ತುತ್ತೇನೆ, ಜೋನಿ ಬೆಲ್ಲದ ಡಬ್ಬಿಯನ್ನು ಅತ್ತಿಗೆಯ ಮನೆಗೆ ಸಾಗಿಸಿದೆ. ಖರ್ಚು ಬೂಟಿನ 4,200 ಮಾತ್ರ, ಅದೂ ಉಂಬಳಕ್ಕೆ ಹೆದರಿ ಎತ್ತರದ್ದು ತೆಗೆದುಕೊಂಡದ್ದರಿಂದ. ದೇಹ ಹೇಗಿದೆಯೋ ಹಾಗೆ ಒಪ್ಪಿಕೊಳ್ಳಿ ಎಂಬ ಈ ಹೊಸ ಫ್ಯಾಷನ್ ಸಕ್ಕರೆ ಕಾಯಿಲೆಗೆ ಗೊತ್ತಿಲ್ಲ.

ಕುಮಟೆಯ ಗಣಿತ ಟೀಚರ್:
ಅವರು ಕೇಳಿದ್ದು ಮುಟ್ಟಿನ ವಿಷಯ ಹೆಗಡೆಯವರೇ, ನಿಮ್ಮ ಸಕ್ಕರೆಯದ್ದಲ್ಲ. ಹೊಸ ಫ್ಯಾಷನ್ ಎಂದಿರಿ. ದಪ್ಪ ಮೈಯವರ ಹಕ್ಕಿಗಾಗಿ ಅಮೆರಿಕದಲ್ಲಿ ಸಂಘ ಕಟ್ಟಿದ್ದು 1969ರಲ್ಲಿ. ಬಿಎಂಐ ಎಂದಿರಿ. ಆ ಸೂತ್ರ ಹತ್ತೊಂಬತ್ತನೇ ಶತಮಾನದ ಬೆಲ್ಜಿಯಂನ ಕ್ವೆಟೆಲೆ ಅವರದು. ಆತ ವೈದ್ಯರಲ್ಲ, ಖಗೋಳ ಮತ್ತು ಸಂಖ್ಯಾಶಾಸ್ತ್ರದವರು. ಇಡೀ ಜನಸಮುದಾಯದ ಸರಾಸರಿ ಹುಡುಕುತ್ತಿದ್ದರು. ಈಗಿನ ಹೆಸರು ಬಂದದ್ದು 1972ರಲ್ಲಿ. ಸರಾಸರಿ ಎಂದರೇನೆಂದು ನನ್ನ ಎಂಟನೇ ತರಗತಿಯ ಮಕ್ಕಳಿಗೂ ಗೊತ್ತು, ತರಗತಿಯ ಸರಾಸರಿ ನೋಡಿ ಒಬ್ಬ ಹುಡುಗನನ್ನು ಫೇಲ್ ಮಾಡುವುದಿಲ್ಲ.

ಶಿರಸಿ ಹೆಗಡೆ:
ಸಂಘ ಕಟ್ಟಿದರೆ ಸಕ್ಕರೆ ಇಳಿಯುತ್ತದೆಯೇ ಎಂದು ಕೇಳಿದ್ದು ಅಷ್ಟೇ. ಪಾಠ ಬೇಡ.

ಹೊನ್ನಾವರ ಬಂದರು ರಸ್ತೆ:
ನನಗೆ ನಿಮ್ಮಿಬ್ಬರ ಮೇಲೂ ಸಿಟ್ಟಿದೆ. ನಾನು ಜಠರವನ್ನು ಕತ್ತರಿಸಿ ಕಿರಿದು ಮಾಡುವ ಆಪರೇಷನ್ ಮಾಡಿಸಿಕೊಂಡವಳು, ಸ್ಲೀವ್ ಎನ್ನುತ್ತಾರೆ. ಆಗ ತೂಕ 112. ಪ್ಯಾಕೇಜ್ ಎಂದು ಹೇಳಿದ್ದು 3,10,000. ಬಿಲ್ ಬಂದದ್ದು 3,86,000, ಏಕೆಂದರೆ ಸ್ಟೇಪ್ಲರ್ ಹೆಚ್ಚುವರಿ ಬೇಕಾಯಿತಂತೆ. ವಿಮೆಯವರು ಬಿಎಂಐ 40 ಇರಬೇಕು, ಇಲ್ಲವಾದರೆ 35ರ ಜೊತೆ ತೀವ್ರ ಕಾಯಿಲೆ ಇರಬೇಕು ಎಂದರು. ನನ್ನದು 39.4. ದಪ್ಪ ಎಂದು ಊರೆಲ್ಲ ಹೇಳಿದ ಮೈ ವಿಮೆಗೆ ಸಾಕಷ್ಟು ದಪ್ಪವಾಗಿರಲಿಲ್ಲ! ಸಕ್ಕರೆ, ರಕ್ತದೊತ್ತಡದ ಕಾಗದ ಪತ್ರಗಳನ್ನೆಲ್ಲ ಕಳುಹಿಸಿದ ಮೇಲೆ 1,75,000 ಕೊಟ್ಟರು, ಉಳಿದದ್ದಕ್ಕೆ ಬಂಗಾರ ಅಡವು.

ತೂಕ ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುತ್ತದೆ ಎಂದು ಮೊದಲೇ ಹೇಳಿದ್ದರು, ಆಯಿತು. ಎರಡನೇ ಆಪರೇಷನ್ 72,000. ಕೂದಲು ಬಾಚಣಿಗೆಗೆ ಬಂತು. ಕಬ್ಬಿಣ, ಕ್ಯಾಲ್ಸಿಯಂ, ಬಿ12 ಸಾಯುವವರೆಗೆ, ತಿಂಗಳಿಗೆ 1,150. ಊಟ ಒಂದು ಮಕ್ಕಳ ಬಟ್ಟಲಿನಷ್ಟು. ಇಷ್ಟಾದರೂ ಮತ್ತೆ ಮಾಡಿಸಿಕೊಳ್ಳುತ್ತಿದ್ದೆನೇ ಎಂದರೆ ಹೌದು. ಸಕ್ಕರೆ ಮಾತ್ರೆ ನಿಂತಿದೆ.

ಆದರೆ ನನ್ನನ್ನು ಉರಿಸಿದ್ದು ಬೇರೆ. ಬೆನ್ನುನೋವಿಗೆ ವರ್ಷಗಟ್ಟಲೆ ಒಬ್ಬರೇ ವೈದ್ಯರಿಗೆ ತೋರಿಸುತ್ತಿದ್ದೆ. ತೂಕ, ತೂಕ, ತೂಕ. ಇಳಿದ ಮೇಲೆ ಅದೇ ನೋವು ಹೊತ್ತು ಅದೇ ಕುರ್ಚಿಯಲ್ಲಿ ಕುಳಿತೆ. ಮೊದಲ ಭೇಟಿಗೇ ಎಕ್ಸ್-ರೇ, ಎಂಆರ್‌ಐ ಎರಡನ್ನೂ ಬರೆದರು, ಡಿಸ್ಕ್ ಜಾರಿತ್ತು. ಕುಳಿತುಕೊಳ್ಳಿ ಎಂದು ಬಹುವಚನದಲ್ಲಿ ಮಾತನಾಡಿಸಿದರು. ಈಗ ಊರಿನವರು “ಮೈ ಇಳಿದುಹೋಗಿದೆಯಲ್ಲ, ಏನಾದರೂ ದೊಡ್ಡ ಕಾಯಿಲೆಯೇ” ಎಂದು ಗುಸುಗುಸು ಮಾಡುತ್ತಾರೆ.

ಕುಮಟೆಯ ಗಣಿತ ಟೀಚರ್:
ನಾಲ್ಕು ಲಕ್ಷ ಕೊಟ್ಟು ಬಹುವಚನ ಕೊಂಡುಕೊಂಡಿರಿ ಎಂದಾಯಿತು.

ಹೊನ್ನಾವರ ಬಂದರು ರಸ್ತೆ:
ಟೀಚರ್, ನಿಮ್ಮ ಸ್ಟಾಕಿಂಗ್ಸಿನ ಬಗ್ಗೆ ನಾನು ಒಂದು ಮಾತೂ ಆಡಲಿಲ್ಲ. ನನ್ನ ಹೊಟ್ಟೆ, ನನ್ನ ಬಂಗಾರ. ದೇಹವನ್ನು ಒಪ್ಪಿಕೊಳ್ಳುವುದರಲ್ಲಿ ಕೊಯ್ದ ದೇಹವೂ ಸೇರುತ್ತದೆ. ಅದು ನಿಮಗೆ ಬೇಡವಾದರೆ ನಿಮ್ಮ ಒಪ್ಪಿಗೆ ನಿಮ್ಮ ಕಾಲಿಗೆ ಮಾತ್ರ ಸೀಮಿತ.

ಬೈತಖೋಲದ ಹುಡುಗ:
ಆಪರೇಷನ್ ಯಾಕೆ, ಈಗ ತೂಕ ಇಳಿಸುವ ಇಂಜೆಕ್ಷನ್ ಇದೆಯಲ್ಲ. 2025ರ ಮಾರ್ಚಿನಲ್ಲಿ ಮೌಂಜಾರೊ ಭಾರತಕ್ಕೆ ಬಂದಾಗ 2.5 ಮಿಲಿಗ್ರಾಂ ಬಾಟಲಿ 3,500 ರೂಪಾಯಿ, 5 ಮಿಲಿಗ್ರಾಂ 4,375. ವಾರಕ್ಕೊಂದು. ಲೆಕ್ಕ ಹಾಕಿ: ಮೊದಲ ತಿಂಗಳು 14,000, ಆಮೇಲೆ 17,500. ನನ್ನ ಸಂಬಳದ ಅರ್ಧಕ್ಕಿಂತ ಹೆಚ್ಚು. ಅದನ್ನು ತಂಪಿನಲ್ಲೇ ಇಡಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಮೀನಿನ ಥರ್ಮಾಕೋಲ್ ಡಬ್ಬಿಯಲ್ಲಿ ಮಂಜುಗಡ್ಡೆಯ ನಡುವೆ, ನೇರವಾಗಿ ತಾಗಿ ಹೆಪ್ಪುಗಟ್ಟದಂತೆ ಬಟ್ಟೆ ಸುತ್ತಿ ಇಡುತ್ತಿದ್ದೆ. ತೂಕ ಚೆನ್ನಾಗಿಯೇ ಇಳಿಯಿತು. ಆದರೆ ಬಂಗಡೆಯ ವಾಸನೆಗೆ ವಾಕರಿಕೆ ಬರುತ್ತಿತ್ತು. ಮೀನುಗಾರರ ಮನೆಯಲ್ಲಿ ಹುಟ್ಟಿ ಮೀನಿಗೆ ಮೂಗು ಮುಚ್ಚಿಕೊಂಡರೆ ಅಮ್ಮನಿಗೆ ಹೇಗಾಗಬೇಡ! ದುಡ್ಡು ಮುಗಿದು ನಿಲ್ಲಿಸಿದೆ, ಇಳಿದದ್ದರಲ್ಲಿ ಬಹುಪಾಲು ವಾಪಸ್ ಬಂತು. ನಿಲ್ಲಿಸಿದರೆ ಹೆಚ್ಚಿನವರಿಗೆ ಹೀಗೇ ಆಗುತ್ತದೆ, ಪ್ರಯೋಗಗಳಲ್ಲೂ ಅದೇ ಕಂಡುಬಂದಿದೆ. ಆದರೆ ಮರಳಿ ಹೋದಾಗ ಡಾಕ್ಟರು ಹೇಳಿದ್ದು “ನಿನಗೆ ಮನೋಬಲ ಇಲ್ಲ” ಎಂದು.

ಅಂಕೋಲೆಯವಳು:
ಎಲ್ಲರಿಗೂ ಧನ್ಯವಾದ. ಆದರೆ ನಾನು ತೂಕ ಇಳಿಸುವ ದಾರಿ ಕೇಳಿರಲಿಲ್ಲ. ನಿನ್ನೆಯಿಂದ ಮತ್ತೆ ರಕ್ತ ಹೋಗುತ್ತಿದೆ.

ಯಲ್ಲಾಪುರದಿಂದ:
ಯಾರೂ ಹೇಳದ ಮಾತು ಹೇಳುತ್ತೇನೆ. ಕೊಬ್ಬಿನ ಅಂಗಾಂಶವೂ ಈಸ್ಟ್ರೋಜನ್ ತಯಾರಿಸುತ್ತದೆ. ಅದರಿಂದ ಗರ್ಭಕೋಶದ ಒಳಪದರ ಅತಿಯಾಗಿ ಬೆಳೆಯುವ ಸಾಧ್ಯತೆ ದಪ್ಪ ಇರುವವರಲ್ಲಿ ಹೆಚ್ಚು, ಕೆಲವರಲ್ಲಿ ಅದು ಕ್ಯಾನ್ಸರಿಗೂ ತಿರುಗುತ್ತದೆ. ಹಾಗಾದರೆ ದಪ್ಪ ಇರುವವಳನ್ನು ಬೇಗ ಪರೀಕ್ಷಿಸಬೇಕೋ, ತಡವಾಗಿಯೋ? ಈ ಒಂದು ಪ್ರಶ್ನೆಯನ್ನು ನಾನು ವೈದ್ಯರ ಮುಂದಿಟ್ಟೆ, ಆಮೇಲೆ ಸ್ಕ್ಯಾನಿಂಗಿಗೆ ಬರೆದರು.

ಅಷ್ಟರೊಳಗೆ ನನ್ನ ಹಿಮೋಗ್ಲೋಬಿನ್ 6.8ಕ್ಕೆ ಇಳಿದಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು ಎಂದರೆ ತೂಕದಿಂದ ಎಂದರು. “ತುಂಬಿದ ಮೈ, ರಕ್ತ ಕಡಿಮೆ ಹೇಗಾದೀತು” ಎಂದು ನಮ್ಮ ಅತ್ತೆಯೂ ಹೇಳಿದರು, ಡಾಕ್ಟರೂ ಹೇಳಿದರು. ರಕ್ತ ಪರೀಕ್ಷೆಗೆ 150 ರೂಪಾಯಿ, ಅದನ್ನು ಬರೆಯಲು ಅಷ್ಟು ತಿಂಗಳು. ಎರಡು ಬಾಟಲಿ ರಕ್ತ ಕೊಟ್ಟ ಮೇಲೆ ಒಳಪದರದ ತುಣುಕು ತೆಗೆದು ಬಯಾಪ್ಸಿಗೆ ಕಳುಹಿಸಿದರು. ಫಲಿತಾಂಶ ಬರುವವರೆಗೆ ಮನೆಯಲ್ಲಿ ಒಲೆ ಹೊತ್ತಿಸಲು ಕೈ ಬರಲಿಲ್ಲ. ಕ್ಯಾನ್ಸರ್ ಆಗಿರಲಿಲ್ಲ, ಪದರ ದಪ್ಪವಾಗಿತ್ತು. ಹಾರ್ಮೋನ್ ಇರುವ ಸಾಧನವನ್ನು ಗರ್ಭಕೋಶದೊಳಗೆ ಹಾಕಿದ್ದಾರೆ. ಸ್ಕ್ಯಾನಿಂಗ್, ಬಯಾಪ್ಸಿ, ಸಾಧನ, ರಕ್ತ, ವಾರ್ಡು, ಬಾಡಿಗೆ ಕಾರು ಸೇರಿ 41,300. ಆಯುಷ್ಮಾನ್ ಕಾರ್ಡ್ ಇತ್ತು, ಆದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಇಲ್ಲದೆ ನೇರ ಖಾಸಗಿಗೆ ಹೋದದ್ದರಿಂದ ಸಿಗಲಿಲ್ಲ. ಚೀಟಿ ಕೇಳಲು ಹೋದಾಗ ಅಲ್ಲಿಯೂ ತೂಕದ ಪಾಠ ಕೇಳಿ ಎದ್ದು ಬಂದಿದ್ದೆ, ಅದು ಬೇರೆ ಮಾತು.

ಸಿದ್ದಾಪುರ ಸಿಸ್ಟರ್:
ವಾರ್ಡಿನ ಕಡೆಯವಳಾಗಿ ಬರೆಯುತ್ತೇನೆ. ತೂಕ ನೋಡುವುದೇ ಅವಮಾನ ಎಂದುಕೊಳ್ಳಬೇಡಿ. ಅರಿವಳಿಕೆಗೆ, ಕೆಲವು ಔಷಧಗಳ ಪ್ರಮಾಣಕ್ಕೆ, ಗರ್ಭಿಣಿಗೆ, ಹೃದಯದ ರೋಗಿಗೆ ಅದು ಬೇಕು. ಆದರೆ ಅಂಕಿಯನ್ನು ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸುವಂತೆ ಕೂಗುವ ಅಗತ್ಯವಿಲ್ಲ. ನಾನು ಚೀಟಿಯಲ್ಲಿ ಬರೆದು ಮಡಚಿ ಕೊಡುತ್ತೇನೆ.

ಬಿಪಿ ಪಟ್ಟಿಯ ವಿಷಯ ಯಾರೂ ಎತ್ತಲಿಲ್ಲ. ದಪ್ಪ ತೋಳಿಗೆ ಸಾಮಾನ್ಯ ಪಟ್ಟಿ ಕಟ್ಟಿದರೆ ಅಳತೆ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಸುಮಾರು ಶೇಕಡಾ 80ರಷ್ಟು ಸುತ್ತಬೇಕು. ಇಲ್ಲದ ಬಿಪಿಗೆ ಮಾತ್ರೆ ನುಂಗುತ್ತಿರುವವರು ಎಷ್ಟು ಜನರೋ. ನಮ್ಮಲ್ಲಿ ದೊಡ್ಡ ಪಟ್ಟಿ ಬೇಕೆಂದು ಬೇಡಿಕೆ ಕಳುಹಿಸಿ ಕಳುಹಿಸಿ ಸಾಕಾಗಿ ಕೊನೆಗೆ ನಾನೇ 650 ರೂಪಾಯಿ ಕೊಟ್ಟು ತಂದೆ. ತೋಳಿಗೆ ಹಾಕುವ ಲಸಿಕೆಗೂ ಹಾಗೆಯೇ, ಕೆಲವರಿಗೆ ಉದ್ದದ ಸೂಜಿ ಬೇಕು, ಇಲ್ಲವಾದರೆ ಔಷಧ ಸ್ನಾಯುವಿಗೆ ಮುಟ್ಟುವುದಿಲ್ಲ.

ಅಂಕೋಲೆಯವರೇ, ಪರೀಕ್ಷೆ ಬೇಡ ಎನ್ನುವುದಾದರೆ ‘ಪರೀಕ್ಷೆ ಅಗತ್ಯವಿಲ್ಲ’ ಎಂದು ಚೀಟಿಯಲ್ಲೇ ಬರೆದುಕೊಡಿ ಎಂದು ಮೃದುವಾಗಿ ಕೇಳಿ. ಬರೆಯುವವರು ಕಡಿಮೆ. ಒಂದು ತಾಸಿಗೆ ಒಂದಕ್ಕಿಂತ ಹೆಚ್ಚು ಪ್ಯಾಡ್ ತೋಯುತ್ತಿದ್ದರೆ, ತಲೆ ಸುತ್ತಿದರೆ ಇಲ್ಲಿ ಉತ್ತರ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಹೊರಡಿ.

ಶಿರಸಿ ಹೆಗಡೆ:
ಬರೆದುಕೊಡಿ ಎಂದರೆ ಯಾವ ಡಾಕ್ಟರು ಮುಂದೆ ನಿಮ್ಮನ್ನು ನೋಡುತ್ತಾರೆ? ಜಿಲ್ಲೆಯಲ್ಲಿ ಇರುವವರೇ ಬೆರಳೆಣಿಕೆ. ಅವರನ್ನೂ ಓಡಿಸಿ.

ಹೊನ್ನಾವರದ ಇನ್ನೊಬ್ಬ:
ನಮ್ಮ ಅಪ್ಪ ಕಡ್ಡಿಯಂತೆ ಇದ್ದರು. ಕಾಲು ಉರಿ ಎಂದರೆ ವಾತ ಎಂದರು, ಕಣ್ಣು ಮಂಜು ಎಂದರೆ ವಯಸ್ಸು ಎಂದರು. ತೆಳ್ಳಗಿನವರಿಗೆ ಸಕ್ಕರೆ ಬರುವುದಿಲ್ಲವಂತೆ! ರಕ್ತ ನೋಡುವ ಹೊತ್ತಿಗೆ 400 ದಾಟಿತ್ತು, ಒಂದು ಹೆಬ್ಬೆರಳು ಹೋಯಿತು. ನಮ್ಮ ದೇಶದಲ್ಲಿ ಸಪೂರ ಮೈಯವರಿಗೂ ಸಕ್ಕರೆ ಧಾರಾಳವಾಗಿ ಬರುತ್ತದೆ ಹೆಗಡೆಯವರೇ. ಮೈ ನೋಡಿ ಕಾಯಿಲೆ ಹೇಳುವ ಡಾಕ್ಟರು ದಪ್ಪದವರಿಗೆ ಮಾತ್ರ ಅಪಾಯವಲ್ಲ.

ಕಾರವಾರ ಕೋಡಿಬಾಗ:
ಎಲ್ಲಿಗೆ ಹೋಗಬೇಕೆಂದರೆ ಗೋವಾ. ಬಾಂಬೋಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ನನ್ನ ಹೆಂಡತಿಗೆ ತೂಕದ ಮಾತೇ ಎತ್ತದೆ ನೋಡಿದರು.

ಯಲ್ಲಾಪುರದಿಂದ:
2018ರಿಂದ ಅಲ್ಲಿ ಹೊರರಾಜ್ಯದವರಿಗೆ ಶುಲ್ಕವಿದೆ, ಅದನ್ನು ಹೇಳಿ. ಗೋವಾ ದಾರಿಯಲ್ಲಿ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ಬಿದ್ದ ಮೇಲೆ ಒಂದೇ ಸೇತುವೆಯ ಮೇಲೆ ಎರಡೂ ದಿಕ್ಕಿನ ವಾಹನ ಸಾಗಿಸಿದ್ದು ನೆನಪಿದೆಯೇ?

ಕಾರವಾರ ಕೋಡಿಬಾಗ:
ಅದಕ್ಕಿಂತ ನಿಮ್ಮ ಅರಬೈಲು ಘಟ್ಟದ ತಿರುವುಗಳು ವಾಸಿಯೇ? ರಕ್ತಸ್ರಾವ ಇರುವವರನ್ನು ಕೂರಿಸಿಕೊಂಡು ಹುಬ್ಬಳ್ಳಿಗೆ ಹೋಗಿ ನೋಡಿ. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ನಾವು ಸುತ್ತಿದ ದಾರಿ ನಮಗೇ ಗೊತ್ತು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಗಂಟಲು ಹರಿದುಕೊಂಡಾಗ ಘಟ್ಟದ ಮೇಲಿನವರು ಶಿರಸಿಗೆ ಬೇಕು ಎಂದರು, ಕೆಳಗಿನವರು ಕುಮಟೆಗೆ ಎಂದರು.

ಶಿರಸಿ ಹೆಗಡೆ:
ಶಿರಸಿಗೆ ಕೇಳಿದ್ದರಲ್ಲಿ ಏನು ಅನ್ಯಾಯ? ಸಿದ್ದಾಪುರ, ಮುಂಡಗೋಡ, ಯಲ್ಲಾಪುರಕ್ಕೆಲ್ಲ ಹತ್ತಿರ.

ಬೈತಖೋಲದ ಹುಡುಗ:
ಎಲ್ಲೇ ಕಟ್ಟಿದರೂ ಸ್ಕ್ಯಾನಿಂಗ್ ಯಂತ್ರದಲ್ಲಿ ನಾನು ಹಿಡಿಸಬೇಕಲ್ಲ. ಹೋದ ಸಲ ಅರ್ಧಕ್ಕೆ ಸಿಕ್ಕಿಕೊಂಡಾಗ ಟೆಕ್ನಿಷಿಯನ್ ನಕ್ಕರು, 5,500 ರೂಪಾಯಿಯನ್ನೂ ಮರಳಿಸಲಿಲ್ಲ.

ಸಿದ್ದಾಪುರ ಸಿಸ್ಟರ್:
ಬಾಯಿ ಅಗಲವಿರುವ ಎಂಆರ್‌ಐ ಯಂತ್ರಗಳಿವೆ, 70 ಸೆಂಟಿಮೀಟರಿನವು, ಹಳೆಯವು 60. ಹೊರಡುವ ಮೊದಲು ಫೋನ್ ಮಾಡಿ ಅಗಲವನ್ನೂ ಮೇಜು ತಡೆಯುವ ತೂಕವನ್ನೂ ಕೇಳಿ. ಖಾಸಗಿ ಆಸ್ಪತ್ರೆಯ ಮೇಲಿನ ದೂರಿಗೆ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಪ್ರಾಧಿಕಾರವಿದೆ, ರಸೀದಿ ಇಟ್ಟುಕೊಂಡಿದ್ದರೆ ಬರೆಯಿರಿ.

ಬೈತಖೋಲದ ಹುಡುಗ:
ರಸೀದಿ ಇದೆ. ಅರ್ಜಿಯಲ್ಲಿ ನಕ್ಕದ್ದನ್ನೂ ಬರೆಯಬಹುದೇ, ಅಥವಾ ದುಡ್ಡಿನದ್ದು ಮಾತ್ರವೇ?

ಕುಮಟೆಯ ಗಣಿತ ಟೀಚರ್:
ನಕ್ಕದ್ದನ್ನೇ ಮೊದಲು ಬರೆ ತಮ್ಮಾ. ಕನ್ನಡದಲ್ಲಿ ನಾನು ತಿದ್ದಿಕೊಡುತ್ತೇನೆ.

ಶಿರಸಿ ಹೆಗಡೆ:
ದುಡ್ಡಿನದ್ದನ್ನು ಮೊದಲು ಬರೆಯಲಿ. ನಕ್ಕದ್ದಕ್ಕೆ ರಸೀದಿ ಎಲ್ಲಿಂದ ತರುತ್ತಾನೆ?